ಲೋಮದ ಬುಡದ ನೆಂಟಸ್ತನ: ಪುತ್ತಿಗೆಯ ನೆಲ–ನೀರಿನ ಹಿನ್ನೆಲೆಯಲ್ಲಿ ಲೋಮಾಂಗಿ ಏಕಕೋಶಜೀವಿಗಳ ವರ್ಗೀಕರಣ

ಕಪ್ಪೆಯ ಗುದನಾಳದಿಂದ ತೆಗೆದ ಹನಿಯೊಂದನ್ನು ಉಪ್ಪುದ್ರಾವಣದಲ್ಲಿ ಬೆರೆಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಎರಡು ಬಗೆಯ ಏಕಕೋಶಜೀವಿಗಳು ಒಟ್ಟೊಟ್ಟಿಗೆ ಸಿಗುವುದುಂಟು. ನಿಕ್ಟೋಥೀರಸ್‌ನ ಮೈ ಮೂತ್ರಪಿಂಡದ ಆಕಾರದ್ದು. ಅದರ ಒಂದು ಮಗ್ಗುಲಲ್ಲಿ ಒತ್ತಾದ ಲೋಮಪಟ್ಟಿ ಮುಂತುದಿಯಿಂದ ಇಳಿದು ಬಾಯಿಯೊಳಕ್ಕೆ ತಿರುಗುತ್ತದೆ. ಓಪಲೈನಾ ಚಪ್ಪಟೆ, ಮೈಯೆಲ್ಲ ಓರೆಸಾಲುಗಳಲ್ಲಿ ಲೋಮ, ಬಾಯಿ ಮಾತ್ರ ಇಲ್ಲ. ಲೋಮವಿದ್ದದ್ದೆಲ್ಲ ಲೋಮಾಂಗಿ ಎಂಬ ಲೆಕ್ಕದಲ್ಲಿ ಎರಡನ್ನೂ ಒಂದೇ ವಂಶಕ್ಕೆ ಸೇರಿಸಿದ್ದರು. ಮೆಟ್ಕಾಫ್ 1923ರ ತಮ್ಮ ದೊಡ್ಡ ಗ್ರಂಥದಲ್ಲಿ ಓಪಲೈನಾದ ಬಳಗವನ್ನು ‘ಪ್ರೋಟೊಸಿಲಿಯೇಟಾ’ ಎಂದು ಲೋಮಾಂಗಿಗಳ ಆದಿಮ ಶಾಖೆಯಾಗಿ ಕೂರಿಸಿದರು. ನಮ್ಮ ಪದವಿ ತರಗತಿಗಳ ಪ್ರಾಣಿಶಾಸ್ತ್ರದಲ್ಲಿ ಆ ಹೆಸರು ಬಹುಕಾಲ ಓಡಾಡಿತು.

ಆ ವರ್ಗೀಕರಣ ನಿಲ್ಲಲಿಲ್ಲ. ಓಪಲೈನಾಕ್ಕೆ ಕೋಶಕೇಂದ್ರಗಳು ಹಲವಿದ್ದರೂ ಎಲ್ಲವೂ ಒಂದೇ ಬಗೆಯವು. ನಿಜವಾದ ಲೋಮಾಂಗಿಯಲ್ಲಿ ದಿನದ ಕೆಲಸಕ್ಕೊಂದು ದೊಡ್ಡ ಕೋಶಕೇಂದ್ರ, ಮುಂದಿನ ಪೀಳಿಗೆಗೆ ದಾಟಿಸಲು ಬೇರೆಯೇ ಸಣ್ಣ ಕೋಶಕೇಂದ್ರ ಇರುತ್ತವೆ. ಲೋಮಾಂಗಿ ಇಬ್ಭಾಗವಾಗುವಾಗ ಲೋಮಸಾಲುಗಳನ್ನು ಅಡ್ಡ ಕತ್ತರಿಸುತ್ತದೆ, ಓಪಲೈನಾ ಸಾಲುಗಳ ನಡುವೆ ಸೀಳುತ್ತದೆ. ಲೋಮಾಂಗಿಗಳು ಜೋಡಿಯಾಗಿ ಅಂಟಿಕೊಂಡು ಸಂಯುಗ್ಮನದಲ್ಲಿ ಕೋಶಕೇಂದ್ರ ಬದಲಾಯಿಸಿಕೊಂಡರೆ, ಓಪಲೈನಾ ಲಿಂಗಾಣುಗಳನ್ನು ಬಿಟ್ಟು ಕೂಡಿಸುತ್ತದೆ. ಇವನ್ನು ಎದುರಿಗಿಟ್ಟು 1955ರಲ್ಲಿ ಕಾರ್ಲಿಸ್ ಅದನ್ನು ಲೋಮಾಂಗಿಗಳ ಪಂಕ್ತಿಯಿಂದ ಎಬ್ಬಿಸಿದರು. 1985ರಲ್ಲಿ ಪ್ಯಾಟರ್ಸನ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ರಚನೆಗಳನ್ನು ಆಧರಿಸಿ ಅದರ ನಿಜವಾದ ನೆಂಟರು ಪ್ರೋಟಿರೊಮೊನಾಡ್ ಎಂಬ ಕಶಾಂಗಿಗಳು ಎಂದು ತೋರಿಸಿದರು. ಹಾಗಾಗಿ ಓಪಲೈನಾ ಇಂದು ಆ ಕಶಾಂಗಿಗಳ ಜೊತೆಗೆ ಸ್ಟ್ರಾಮೆನೊಪೈಲ್ ಬಳಗದ್ದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತರುವ ಫೈಟೊಫ್ತೊರಾ ಕೂಡ ಅದೇ ಬಳಗದ್ದು. ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರವಾಗಿ ಬರೆದದ್ದು, ನಮ್ಮ ತೋಟದವರು ಬೋರ್ಡೊ ದ್ರಾವಣ ಸಿಂಪಡಿಸುವುದು ಇದರ ಮೇಲೆಯೇ. ಕಪ್ಪೆಯ ಹೊಟ್ಟೆಯೊಳಗೆ ಪಕ್ಕದಲ್ಲೇ ಈಜುವ ನಿಕ್ಟೋಥೀರಸ್‌ಗಿಂತ ತೋಟದ ಕೊಳೆಜೀವಿಯೇ ಓಪಲೈನಾಕ್ಕೆ ಹತ್ತಿರದ ನೆಂಟ.

ಈ ಲೇಖನದ ವಾದ ಇಷ್ಟು: ಹೊರಗೆ ಕಾಣುವ ಲೋಮದ ಹರವೂ ಬಾಯಿಯ ಏರ್ಪಾಡೂ ಆ ಜೀವಿ ಹೇಗೆ ಬದುಕುತ್ತದೆ ಎಂಬುದನ್ನು ಹೇಳುತ್ತವೆ, ಯಾರಿಗೆ ಸೇರಿದ್ದು ಎಂಬುದನ್ನು ಲೋಮದ ಬುಡ, ಕೋಶಕೇಂದ್ರ, ಜೀನ್‌ಗಳು ಹೇಳುತ್ತವೆ. ಈ ವಾದವನ್ನು ಪುತ್ತಿಗೆಯಂಥ ಊರಿನ ನೆಲೆಯಲ್ಲಿಟ್ಟು ಪರಿಶೀಲಿಸುವುದಕ್ಕೆ ಕಾರಣವಿದೆ. ಮೂಡುಬಿದಿರೆಗೆ ತಾಗಿದ ಪುತ್ತಿಗೆ ಚರಿತ್ರೆಯವರಿಗೆ ಚೌಟರ ಹಳೆಯ ರಾಜಧಾನಿ, ಸೋಮನಾಥ ದೇವರ ನೆಲೆ. ಮೂಡುಬಿದಿರೆಗೆ ಹದಿನೆಂಟು ಬಸದಿಗಳಷ್ಟೇ ಹದಿನೆಂಟು ಕೆರೆಗಳ ಖ್ಯಾತಿಯೂ ಇದೆ. ಸುತ್ತಿನ ಬಂಟ್ವಾಳ, ಬೆಳ್ತಂಗಡಿ ಸೀಮೆಯಲ್ಲೂ ಮುರಕಲ್ಲಿನ ಪದವು, ಅದರ ಬುಡದಲ್ಲಿ ಅಡಿಕೆ ತೋಟ, ಬೈಲಿನಲ್ಲಿ ಗದ್ದೆ, ಕೆಸರು ತುಂಬಿದ ಕೆರೆ, ಮನೆಯ ಬದಿಗೆ ಹಟ್ಟಿ, ಎಲ್ಲವೂ ಕೂಗಳತೆಯಲ್ಲಿವೆ. ಡೆನಿಸ್ ಲಿನ್ 2008ರ ಗ್ರಂಥದಲ್ಲಿ ಒಪ್ಪಿದ ಲೋಮಾಂಗಿ ವರ್ಗಗಳು ಹನ್ನೊಂದು. ಅವುಗಳಲ್ಲಿ ಹೆಚ್ಚಿನವಕ್ಕೆ ಸಿಹಿನೀರಿನಲ್ಲೋ ಮಣ್ಣಿನಲ್ಲೋ ಪ್ರಾಣಿಯ ಕರುಳಿನಲ್ಲೋ ವಾಸಿಸುವ ಸದಸ್ಯರಿರುವುದರಿಂದ, ಇಂಥ ಒಂದೇ ಗ್ರಾಮದ ಎಲ್ಲೆಯೊಳಗೆ ಅವನ್ನು ಹುಡುಕಬಹುದು.

ಹಳೆಯ ವರ್ಗೀಕರಣದ ಕತೆಯನ್ನು ಬೇಗ ಮುಗಿಸೋಣ. ಲೇವನ್‌ಹುಕ್ 1676ರ ಪತ್ರದಲ್ಲಿ ಲೋಮಾಂಗಿಗಳನ್ನು ವರ್ಣಿಸಿದ. ಮ್ಯೂಲರ್‌ನ ಗ್ರಂಥ 1786ರಲ್ಲಿ ಬಂತು. ಎರೆನ್‌ಬರ್ಗ್ 1838ರಲ್ಲಿ ಇವಕ್ಕೆ ಹಲವು ಹೊಟ್ಟೆಗಳಿವೆ ಎಂದ, ದ್ಯುಜಾರ್ದ್ಯಾಂ ಅದನ್ನು ಅಲ್ಲಗಳೆದ. 1859ರಿಂದ ಸ್ಟೈನ್ ಕಟ್ಟಿದ ಪದ್ಧತಿಯೇ ಬಾಳಿದ್ದು: ಮೈಯೆಲ್ಲ ಒಂದೇ ಸಮ ಲೋಮವಿದ್ದರೆ ಹೋಲೋಟ್ರೈಕಾ, ಅದರ ಜೊತೆಗೆ ಬಾಯಿಯ ಬಳಿ ದೊಡ್ಡ ಪಟ್ಟಿ ಇದ್ದರೆ ಹೆಟೆರೋಟ್ರೈಕಾ, ಹೊಟ್ಟೆಯ ಬದಿಗಷ್ಟೇ ಇದ್ದರೆ ಹೈಪೋಟ್ರೈಕಾ, ಬಾಯಿಯ ಸುತ್ತ ಉಳಿದಿದ್ದರೆ ಪೆರಿಟ್ರೈಕಾ. ಕಲಿಯಲು ಸುಲಭ, ಕಲಿಸಲು ಇನ್ನೂ ಸುಲಭ. ಅದು ಇಷ್ಟು ಕಾಲ ಉಳಿದದ್ದಕ್ಕೆ ಈ ಸೌಕರ್ಯವೇ ಮುಖ್ಯ ಕಾರಣ ಎಂದು ನನ್ನ ಅಭಿಪ್ರಾಯ.

ಬುಡವನ್ನು ನೋಡುವ ದಾರಿ ತೆರೆದದ್ದು ಬೆಳ್ಳಿ. 1926ರಲ್ಲಿ ಕ್ಲೈನ್ ಲೋಮಾಂಗಿಗಳನ್ನು ಗಾಜಿನ ಮೇಲೆ ಒಣಗಿಸಿ ಬೆಳ್ಳಿ ನೈಟ್ರೇಟ್ ಹಾಕಿ ಬಿಸಿಲಿಗೆ ಹಿಡಿದ. 1930ರಲ್ಲಿ ಶಾತೊಂ ಮತ್ತು ಲ್ವೋಫ್ ಜೀವಿಯನ್ನು ಒಣಗಿಸದೆ, ಸ್ಥಿರೀಕರಿಸಿ, ಜೆಲಟಿನ್‌ನಲ್ಲಿ ಹುದುಗಿಸಿ, ತಣ್ಣಗಿನ ಬೆಳ್ಳಿ ದ್ರಾವಣ ಕುಡಿಸಿ ಬೆಳಕಿಗೊಡ್ಡುವ ಕ್ರಮ ತಂದರು. ಬೆಳ್ಳಿ ಕಪ್ಪಾಗುತ್ತ ಬಂದಂತೆ ಲೋಮಗಳು ಮರೆಯಾಗಿ ಅವುಗಳ ಬುಡಗಳು ಸಾಲುಸಾಲು ಕರಿಚುಕ್ಕೆಗಳಾಗಿ ಏಳುತ್ತವೆ. ಸಾಲು ಎಲ್ಲಿ ಹೊರಟು ಎಲ್ಲಿ ನಿಂತಿತು, ಬಾಯಿಯ ಬಳಿ ಎಷ್ಟು ಸಾಲು ಬಾಗಿದವು ಎಂಬುದನ್ನು ಎಣಿಸಿ ಬರೆಯಬಹುದು. (ಆಟಿ ತಿಂಗಳ ತುಳುನಾಡಿನಲ್ಲಿ ಈ ಕೆಲಸಕ್ಕೆ ಬಿಸಿಲನ್ನು ನಂಬಿ ಕೂತರೆ ಆಗದು, ನೇರಳಾತೀತ ದೀಪ ಬೇಕು.)

ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಇನ್ನೂ ಕೆಳಗಿಳಿಯಿತು. ಲೋಮದ ಬುಡಕಣದಲ್ಲಿ ಸೂಕ್ಷ್ಮನಾಳಿಕೆಗಳ ಒಂಬತ್ತು ತ್ರಿವಳಿಗಳಿವೆ. ಒಂಬತ್ತನೆಯ ತ್ರಿವಳಿಯ ಬಳಿಯಿಂದ ಹಿಂದಕ್ಕೊಂದು ನಾಳಿಕೆಪಟ್ಟಿ, ನಾಲ್ಕನೆಯದರ ಆಸುಪಾಸಿನಿಂದ ಅಡ್ಡಕ್ಕೊಂದು ಪಟ್ಟಿ, ಐದರಿಂದ ಎಂಟರ ಬಳಿಯಿಂದ ಮುಂದಕ್ಕೊಂದು ಗೆರೆಗೆರೆ ನಾರು ಹೊರಡುತ್ತವೆ. ಈ ಮೂರರ ಉದ್ದ, ದಿಕ್ಕು, ಒಂದರ ಮೇಲೊಂದು ಹೊದೆಯುವ ರೀತಿ ವರ್ಗದಿಂದ ವರ್ಗಕ್ಕೆ ಬೇರೆ, ವರ್ಗದೊಳಗೆ ಹೆಚ್ಚು ಕಡಿಮೆ ಒಂದೇ. ಬಾಯಿ ಆಹಾರಕ್ಕೆ ತಕ್ಕ ಹಾಗೆ ಬದಲಾಗುತ್ತದೆ, ಮೈಲೋಮದ ಬುಡ ಬೇಗ ಬದಲಾಗುವುದಿಲ್ಲ ಎಂಬ ಈ ತತ್ತ್ವದ ಮೇಲೆ ಸ್ಮಾಲ್ ಮತ್ತು ಲಿನ್ 1981ರಲ್ಲಿ ಇಡೀ ವಂಶವನ್ನು ಮರುಜೋಡಿಸಿದರು.

ತತ್ತ್ವಕ್ಕೆ ಬಂದ ದೊಡ್ಡ ಪರೀಕ್ಷೆ ಬುರ್ಸೇರಿಯಾ. ಬರಿಗಣ್ಣಿಗೂ ಬಿಳಿಚುಕ್ಕೆಯಾಗಿ ಕಾಣಬಲ್ಲ ಈ ಕೆರೆಜೀವಿಯ ಮೈಯಲ್ಲಿ ಬಾಯಿಯದೇ ಸಿಂಹಪಾಲು. ಬಾಯಂಚಿನ ಭಾರಿ ಲೋಮಪಟ್ಟಿ ನೋಡಿ ಅದನ್ನು ಸ್ಟೆಂಟರ್ ಜೊತೆ ಹೆಟೆರೋಟ್ರೈಕಾದಲ್ಲಿ ಇಟ್ಟಿದ್ದರು. ಬುಡದ ಅಡ್ಡಪಟ್ಟಿಗಳು ಮಾತ್ರ ಕಾಲ್ಪೋಡಾದವುಗಳ ಹಾಗೆಯೇ ಹಿಂದಕ್ಕೆ ಚಾಚಿ ಒಂದಕ್ಕೊಂದು ಹೊದ್ದಿದ್ದವು. ಕಾಲ್ಪೋಡಾ ಎಂದರೆ ಬೈಹುಲ್ಲು ನೆನೆಸಿದ ನೀರಿನಲ್ಲಿ ಎಲ್ಲಕ್ಕಿಂತ ಮೊದಲು ಏಳುವ, ಬುರ್ಸೇರಿಯಾದ ಪಕ್ಕದಲ್ಲಿ ಕಣ್ಣಿಗೇ ಬೀಳದಷ್ಟು ಚಿಕ್ಕ ಜೀವಿ. ಬುಡವನ್ನು ನಂಬಿ ಎರಡನ್ನೂ ಕಾಲ್ಪೋಡಿಯಾ ವರ್ಗದಲ್ಲಿ ಸೇರಿಸಿದರು. ಆಮೇಲೆ ರೈಬೋಸೋಮ್ ಆರ್‌ಎನ್‌ಎಯ ಜೀನ್ ಓದಿದಾಗ ಅದೂ ಇದನ್ನೇ ಹೇಳಿತು. ಜೀನ್‌ಗಳ ಉತ್ತರ ಬರುವ ಮೊದಲೇ ನಾರುಪಟ್ಟಿಗಳನ್ನು ಎಣಿಸಿದವರು ಸರಿಯಾಗಿ ಹೇಳಿದ್ದರು ಎಂಬುದನ್ನು ಈಗಿನ ಜೀನ್ ಅನುಕ್ರಮದ ಉತ್ಸಾಹದಲ್ಲಿ ಮರೆಯಬಾರದು.

ಹಟ್ಟಿಯ ಉದಾಹರಣೆಯೂ ಇದೇ ಧಾಟಿಯದು. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯ ಲೋಮಾಂಗಿಗಳನ್ನು ಗ್ರುಬಿ ಮತ್ತು ದೆಲಾಫೊಂ 1843ರಲ್ಲಿ ವರದಿ ಮಾಡಿದರು. ಬೈಹುಲ್ಲು ತಿನ್ನುವ ದನದ ಆ ದ್ರವದ ಒಂದು ಮಿಲಿಲೀಟರಿನಲ್ಲಿ ಲಕ್ಷದಿಂದ ಹತ್ತು ಲಕ್ಷದವರೆಗೆ ಇವು ಇರುತ್ತವೆ. ಕರುವಿಗೆ ಇವು ಬರುವುದು ದೊಡ್ಡ ದನಗಳ ಜೊಲ್ಲಿನ ಸಂಪರ್ಕದಿಂದ. ಐಸೊಟ್ರೈಕಾಕ್ಕೆ ಮೈತುಂಬ ಲೋಮ, ಎಂಟೊಡಿನಿಯಮ್‌ಗೆ ಬಾಯಿಯ ಸುತ್ತ ಒಂದು ಗೊಂಚಲು ಮಾತ್ರ. ಹಳೆಯ ಪದ್ಧತಿ ಮೊದಲನೆಯದನ್ನು ಪ್ಯಾರಾಮೀಸಿಯಂ ಕಡೆಗೆ, ಎರಡನೆಯದನ್ನು ಸ್ಟೈಲೊನೈಕಿಯಾ ಕಡೆಗೆ ತಳ್ಳಿತ್ತು. ಈಗ ಎರಡೂ ಲಿಟೊಸ್ಟೊಮೇಟಿಯಾ ವರ್ಗದವು. ಆ ವರ್ಗದಲ್ಲಿ ಇವುಗಳ ಜೊತೆಗಿರುವುದು ಕೆರೆಯಲ್ಲಿ ಪ್ಯಾರಾಮೀಸಿಯಂಗಳನ್ನು ಇಡಿಯಾಗಿ ನುಂಗುವ ಡಿಡಿನಿಯಮ್. ಬೇಟೆಗಾರರ ವಂಶದಿಂದ ಹುಲ್ಲು ಜೀರ್ಣಿಸುವವರು ಬಂದರು ಎಂದಾಯಿತು. ಇತ್ತ ಜಿರಳೆಯ ಹಿಂಗರುಳಿನ ನಿಕ್ಟೋಥೀರಸ್ ಓವಾಲಿಸ್ ಆಮ್ಲಜನಕವಿಲ್ಲದೆ ಬದುಕುವ ಇನ್ನೊಂದು ವರ್ಗದ್ದು, ಆರ್ಮೊಫೋರಿಯಾ. ಅದರ ಹೈಡ್ರೋಜೆನೊಸೋಮ್‌ಗಳಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಇನ್ನೂ ಉಳಿದಿದೆ. ಹೈಡ್ರೋಜನ್ ಬಿಡುವ ಈ ಅಂಗಕಗಳು ಮಾರ್ಪಟ್ಟ ಮೈಟೊಕಾಂಡ್ರಿಯಗಳೇ ಎಂಬ ವಾದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಕಡಿಮೆ.

ಲೋಮಾಂಗಿಗಳ ವಂಶವೃಕ್ಷದ ಬುಡದ ಕವಲನ್ನು ನೋಡಲು ಕೆರೆಯ ಕೆಸರಿಗೇ ಇಳಿಯಬೇಕು. ಆಮ್ಲಜನಕ ಕಡಿಮೆಯಾದ ಕೆಸರಿನ ಮೇಲ್ಪದರದಲ್ಲಿ ವಾಸಿಸುವ ಲೋಕ್ಸೋಡಿಸ್‌ನ ದೊಡ್ಡ ಕೋಶಕೇಂದ್ರ ಎಂದೂ ವಿಭಜಿಸುವುದಿಲ್ಲ. ಪ್ರತಿ ಕೋಶವಿಭಜನೆಯಲ್ಲೂ ಅದನ್ನು ಸಣ್ಣ ಕೋಶಕೇಂದ್ರದಿಂದ ಹೊಸದಾಗಿ ಕಟ್ಟಿಕೊಳ್ಳಬೇಕು. ಕ್ಯಾರಿಯೊರೆಲಿಕ್ಟಿಯಾ ಎಂಬ ಅದರ ವರ್ಗಕ್ಕೆ ಅತಿ ಹತ್ತಿರದವರು ಸ್ಟೆಂಟರ್, ಬ್ಲೆಫರಿಸ್ಮಾಗಳ ಹೆಟೆರೋಟ್ರೈಕಿಯಾ. ಎರಡರಲ್ಲೂ ಹಿಂದಕ್ಕೆ ಹೋಗುವ ನಾಳಿಕೆಪಟ್ಟಿಗಳು ಅಡಕಿನಂತೆ ಒಂದರ ಮೇಲೊಂದು ಕೂತಿರುವುದು ಬುಡದ ಸಾಕ್ಷ್ಯ. ಉಳಿದ ಲೋಮಾಂಗಿಗಳೆಲ್ಲ ಇನ್ನೊಂದು ಉಪವಂಶ, ಇಂಟ್ರಾಮ್ಯಾಕ್ರೊನ್ಯೂಕ್ಲಿಯೇಟಾ. ಅವುಗಳ ದೊಡ್ಡ ಕೋಶಕೇಂದ್ರವನ್ನು ಎಳೆದು ಹಂಚುವ ಸೂಕ್ಷ್ಮನಾಳಿಕೆಗಳು ಅದರ ಒಳಗೇ ಇರುತ್ತವೆ; ಸ್ಟೆಂಟರ್‌ನ ಕಡೆ ಅವು ಹೊರಗಿರುತ್ತವೆ. ಹಾಗಾದರೆ ದೊಡ್ಡ ಕೋಶಕೇಂದ್ರ ವಿಭಜಿಸುವುದನ್ನು ಎರಡು ಸಲ ಬೇರೆಬೇರೆಯಾಗಿ ಕಲಿತಿತೋ, ಅಥವಾ ಲೋಕ್ಸೋಡಿಸ್ ಕಲಿತದ್ದನ್ನು ಕಳೆದುಕೊಂಡಿತೋ? ಒಳಗು–ಹೊರಗುಗಳ ಈ ವ್ಯತ್ಯಾಸ ಮೊದಲನೆಯ ಉತ್ತರಕ್ಕೇ ಹೆಚ್ಚು ಒಪ್ಪುತ್ತದೆ ಎಂದು ನನಗೆ ತೋರುತ್ತದೆ.

ಜೀನ್ ಓದಿದರೆ ಎಲ್ಲ ಬಗೆಹರಿಯುತ್ತದೆ ಎನ್ನುವವರು ಆನುವಂಶಿಕ ಸಂಕೇತವನ್ನು ನೋಡಬೇಕು. ಬೇರೆ ಜೀವಿಗಳಲ್ಲಿ ಪ್ರೋಟೀನ್ ಮುಗಿಯಿತು ಎಂದು ಸೂಚಿಸುವ ಯುಎಎ, ಯುಎಜಿ ಸಂಕೇತಗಳು ಪ್ಯಾರಾಮೀಸಿಯಂ, ಟೆಟ್ರಾಹೈಮಿನಾಗಳಲ್ಲಿ ಗ್ಲುಟಮಿನ್ ಎಂದರ್ಥ. ಯೂಪ್ಲೊಟಿಸ್‌ನಲ್ಲಿ ಯುಜಿಎ ಸಿಸ್ಟೀನ್ ಆಗುತ್ತದೆ, ಬ್ಲೆಫರಿಸ್ಮಾದಲ್ಲಿ ಅದೇ ಯುಜಿಎ ಟ್ರಿಪ್ಟೊಫಾನ್. ಬ್ಲೆಫರಿಸ್ಮಾದ ನೆಂಟ ಸ್ಟೆಂಟರ್ ಎಲ್ಲರ ಸಂಕೇತವನ್ನೇ ಪಾಲಿಸುತ್ತದೆ. ಸಂಕೇತ ಹಲವು ಸಲ ಸ್ವತಂತ್ರವಾಗಿ ಬದಲಾದದ್ದರಿಂದ, ಬಾಯಿಯ ಆಕಾರದಷ್ಟೇ ಇದೂ ದಾರಿ ತಪ್ಪಿಸಬಲ್ಲದು. ವರ್ಗಗಳ ಮೇಲಿನ ಮಟ್ಟದಲ್ಲಂತೂ ತೊಡಕು ಉಲ್ಟಾ ಆಗಿದೆ. ಕಾಲ್ಪೋಡಿಯಾ, ಪ್ಯಾರಾಮೀಸಿಯಂನ ವರ್ಗವಾದ ಆಲಿಗೊಹೈಮೆನೊಫೋರಿಯಾ ಮುಂತಾದ ಆರು ವರ್ಗಗಳನ್ನು ಜೀನ್‌ಗಳು ‘ಕಾನ್‌ಥ್ರೀಪಿ’ ಎಂಬ ಒಂದೇ ಗುಂಪಿಗೆ ಸೇರಿಸುತ್ತವೆ. 2014ರಲ್ಲಿ ನೂರಾರು ಜೀನ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಗುಂಪು ಒಡೆಯಲಿಲ್ಲ. ಆದರೆ ಆರಕ್ಕೂ ಸಮಾನವಾದ, ಕಣ್ಣಿಗೆ ಕಾಣುವ ಲಕ್ಷಣ ಒಂದೂ ಸಿಕ್ಕಿಲ್ಲ. ಬುಡದ ರಚನೆಯ ಅಧಿಕಾರ ವರ್ಗದ ಮಟ್ಟದಲ್ಲಿ ನಿಲ್ಲುತ್ತದೆ.

ವಂಶದಿಂದ ಹೊರಗೆ ನೋಡಿದರೆ ಪೊರೆಯ ಕೆಳಗೆ ಒತ್ತಾಗಿ ಹಾಸಿದ ಚಪ್ಪಟೆ ಚೀಲಗಳು ಮತ್ತೆ ನೆಲೆ ಒದಗಿಸುತ್ತವೆ. ಅವು ಲೋಮಾಂಗಿಗಳಲ್ಲಿವೆ, ಡೈನೊಫ್ಲಾಜೆಲೇಟ್‌ಗಳಲ್ಲಿವೆ, ಮಂಗಳೂರಿಗೆ ಚೆನ್ನಾಗಿ ಪರಿಚಯವಿರುವ ಮಲೇರಿಯಾದ ಪ್ಲಾಸ್ಮೋಡಿಯಮ್‌ನಲ್ಲೂ ಇವೆ. 1991ರಲ್ಲಿ ಕ್ಯಾವಲಿಯರ್-ಸ್ಮಿತ್ ಈ ಮೂವರನ್ನು ಆಲ್ವಿಯೊಲೇಟಾ ಎಂಬ ಬಳಗದಲ್ಲಿ ಕೂಡಿಸಿದರು.

ಭಾರತದ ಮಟ್ಟಿಗೆ ಭಾಟಿಯಾ ಅವರ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ದ ಸಿಲಿಯೊಫೋರಾ ಸಂಪುಟ 1936ರಷ್ಟು ಹಿಂದೆಯೇ ಬಂದಿದೆ. ಮೈಸೂರು ವಿಶ್ವವಿದ್ಯಾನಿಲಯದಿಂದ ದೆಹಲಿಗೆ ಹೋದ ಬಿ. ಆರ್. ಶೇಷಾಚಾರ್ ಅವರು ಸಿ. ಎಂ. ಎಸ್. ದಾಸ್ ಜೊತೆಗೂಡಿ 1953ರಲ್ಲಿ ಎಪಿಸ್ಟೈಲಿಸ್‌ನ ದೊಡ್ಡ ಕೋಶಕೇಂದ್ರ ಮತ್ತೆ ರೂಪುಗೊಳ್ಳುವ ಬಗೆಯನ್ನು ಪ್ರಕಟಿಸಿದರು. ಲೋಮಾಂಗಿಯ ಕೋಶಕೇಂದ್ರವನ್ನು ಕೆದಕಿದ ಮೊದಲಿಗರಲ್ಲಿ ನಮ್ಮವರೂ ಇದ್ದರು ಎಂಬುದು ಇಂದಿನ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಜಾಗತಿಕವಾಗಿ ವಿವರಿಸಿದ ಪ್ರಭೇದಗಳು ಸುಮಾರು 8,000. ಇಷ್ಟು ಚಿಕ್ಕ ಜೀವಿಗಳು ಎಲ್ಲೆಡೆ ಹರಡಿರುತ್ತವೆ, ಹೊಸತು ಹೆಚ್ಚು ಸಿಗದು ಎಂಬುದು ಫಿನ್ಲೆ ಅವರ ಪಕ್ಷ. ಊರೂರಿಗೆ ಸೀಮಿತವಾದವು ಧಾರಾಳ ಇವೆ ಎಂಬುದು ಫೊಯಿಸ್ನರ್ ಅವರ ಪಕ್ಷ. ನಾನು ಎರಡನೆಯ ಪಕ್ಷದವನು. ಒಂದೇ ಪ್ರಭೇದವೆಂದು ಎಣಿಸಿದ್ದ ಪ್ಯಾರಾಮೀಸಿಯಂ ಆರೇಲಿಯಾವನ್ನು ಸಾನ್‌ಬಾರ್ನ್ 1975ರಲ್ಲಿ ಹದಿನಾಲ್ಕು ಪ್ರಭೇದಗಳಾಗಿ ಹೆಸರಿಸಿದ ಮೇಲೆ, ಆಕಾರ ಒಂದೇ ಎಂಬ ಕಾರಣಕ್ಕೆ ಜೀವಿಯೂ ಒಂದೇ ಎನ್ನಲು ಆಗುವುದಿಲ್ಲ.

ಈ ಜಗಳದಲ್ಲಿ ಪುತ್ತಿಗೆಯ ಪಾಲಿನ ಕೆಲಸ ಪದವಿನ ಮಣ್ಣಿನದು. ನಾಲ್ಕು ತಿಂಗಳು ನೀರು ನಿಂತು ಉಳಿದ ಕಾಲದಲ್ಲಿ ಕಾದು ಗಟ್ಟಿಯಾಗುವ ಮುರಕಲ್ಲಿನ ಗುಂಡಿಗಳಲ್ಲಿ ಉಳಿಯಬಲ್ಲವು ಸಿಸ್ಟ್ ಕಟ್ಟಿಕೊಳ್ಳುವ ಲೋಮಾಂಗಿಗಳು ಮಾತ್ರ. ಇದಕ್ಕೆ ಫೊಯಿಸ್ನರ್ ಬಳಸುತ್ತಿದ್ದ ವಿಧಾನವೇ ಸಾಕು: ಬೇಸಗೆಯಲ್ಲಿ ಮೇಲ್ಮಣ್ಣು ತಂದು ನೆರಳಲ್ಲಿ ಒಣಗಿಸಿ, ಪೆಟ್ರಿ ತಟ್ಟೆಯಲ್ಲಿ ಹರಡಿ, ಮುಳುಗದ ಹಾಗೆ ಬಟ್ಟಿ ಇಳಿಸಿದ ನೀರಿನಿಂದ ನೆನೆಸಿ, ತಟ್ಟೆ ಓರೆ ಮಾಡಿದಾಗ ಬಸಿಯುವ ನೀರನ್ನು ನೋಡುವುದು. ಜೀವಂತವಾಗಿ ನೋಡಿ ಚಿತ್ರ ಬರೆಯುವುದು, ಬೆಳ್ಳಿ ಕುಡಿಸುವುದು, ಅದೇ ಬೆಳೆಯಿಂದ ಜೀನ್ ಓದಿಸುವುದು, ಮೂರೂ ಒಂದೇ ಮಾದರಿಯ ಮೇಲೆ ಆಗಬೇಕು. ಸ್ಥಳವನ್ನು ಪದವು, ತೋಟ, ಬೈಲು ಎಂದು ಬಿಡಿಸಿ ಬರೆದಿಡಬೇಕು. ಎರಡನೆಯ ದಿನಕ್ಕೇ ತಟ್ಟೆ ತೊಳೆದರೆ ಕೈಗೆ ಸಿಗುವುದು ಬಹುಮಟ್ಟಿಗೆ ಕಾಲ್ಪೋಡಾ ಮತ್ತು ಅದರ ಬಳಗ. ನಿಧಾನವಾಗಿ ಏಳುವ ಹೈಪೋಟ್ರಿಕ್‌ಗಳಿಗೂ ಬೇಟೆಗಾರ ಲಿಟೊಸ್ಟೊಮೇಟಿಯಾಗಳಿಗೂ ಅದೇ ತಟ್ಟೆಯನ್ನು ಒದ್ದೆಯಾಗಿಟ್ಟು ನಾಲ್ಕು ವಾರದವರೆಗೆ ಮತ್ತೆ ಮತ್ತೆ ನೋಡಬೇಕಾಗುತ್ತದೆ.