ಮನೆ ಮಾರುವ ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಮಾರಿ ನೋಡು ಎಂದು ಮಾತ್ರ ಹೇಳಲಿಲ್ಲ. ಮಾರುವುದು ಸುಲಭವೆಂದು ಅವರು ಎಣಿಸಿದ್ದರೆಂದು ಯಾರೂ ತಿಳಿಯಬೇಕಾಗಿಲ್ಲ. ಗಾದೆಯಲ್ಲಿ ಸೇರಿಸುವಷ್ಟು ಸಾಮಾನ್ಯವಾದ ಕೆಲಸ ಅದಾಗಿರಲಿಲ್ಲ ಎಂಬುದೇ ಕಾರಣವಿರಬೇಕು. ಆದರೆ ಮಾರಲೇಬೇಕಾದ ಕಾಲ ಬಂದಾಗ ಏನು ಮಾಡಬೇಕು, ಕೊಳ್ಳುವವನ ಎದುರು ಹೇಗೆ ಕೂರಬೇಕು, ಯಾರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು ಎಂಬ ವಿಷಯದಲ್ಲಿ ಅವರು ಬಹಳ ಯೋಚಿಸಿದ್ದರು. ಆ ಯೋಚನೆಯ ಚರಿತ್ರೆಯನ್ನು ಸ್ವಲ್ಪ ನೋಡೋಣವೆಂಬುದೇ ಈ ಲೇಖನದ ಉದ್ದೇಶ.

ನಮ್ಮ ದನದ ಜಾತ್ರೆಗಳಲ್ಲಿ ವ್ಯಾಪಾರ ನಡೆಯುವ ರೀತಿಯನ್ನು ಓದುಗರಲ್ಲಿ ಹಲವರು ಕಂಡಿರಬಹುದು. ದಳ್ಳಾಳಿಯೂ ಕೊಳ್ಳುವವನೂ ಟವಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆಯೇ ಹೊರತು ಬೆಲೆ ಕಾಣುವುದಿಲ್ಲ. ಎತ್ತನ್ನು ಮಾರುವುದಕ್ಕೆ ಇದು ಸರಿಯಾದ ಪದ್ಧತಿಯೇ ಇರಬಹುದು. ಮನೆಯ ವಿಷಯದಲ್ಲಿ ಮಾತ್ರ ನಮ್ಮ ಪ್ರಾಚೀನರು ಇದಕ್ಕೆ ನೇರ ವಿರುದ್ಧವಾದ ದಾರಿಯನ್ನು ಹಿಡಿದರು. ಮನೆಯ ಬೆಲೆಯನ್ನು ಬೀದಿಯಲ್ಲಿ ನಿಂತು ಕೂಗಿ ಹೇಳಬೇಕೆಂದು ವಿಧಿಸಿದರು.

ಈ ವಿಧಿಯನ್ನು ತಿಳಿಸುವ ಗ್ರಂಥ ನಮ್ಮ ಕೈಗೆ ಬಂದುದು ಮೈಸೂರಿನಿಂದ ಎಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟೊಂದರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಅದರ ಮೂರನೆಯ ಅಧಿಕರಣದಲ್ಲಿ ವಾಸ್ತುವಿಕ್ರಯ, ಎಂದರೆ ಮನೆ ಹೊಲಗಳ ಮಾರಾಟ, ಎಂಬ ಪ್ರಕರಣವಿದೆ. ಕೊಳ್ಳಲು ಮೊದಲ ಅವಕಾಶ ಜ್ಞಾತಿಗಳಿಗೆ, ಅನಂತರ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟ ಧನಿಕರಿಗೆ. ಇವರು ಬೇಡವೆಂದರೆ ಮಾತ್ರ ಹೊರಗಿನವರ ಸರದಿ. ಸುತ್ತಲಿನ 40 ಕುಲಗಳವರು ನೆರೆದಿರುವಾಗ, ಆ ಮನೆಯ ಮುಂದೆಯೇ, ಅದನ್ನು ಮಾರುವ ಸಂಗತಿಯನ್ನು ಸಾರಬೇಕು. ಎಲ್ಲೆಗಳನ್ನು ಇದ್ದಂತೆ ಹೇಳಬೇಕು. ಈ ಬೆಲೆಗೆ ಕೊಳ್ಳುವವರು ಯಾರು ಎಂದು ಮೂರು ಬಾರಿ ಕೂಗಬೇಕು. ಯಾರೂ ಅಡ್ಡ ಬಾರದಿದ್ದರೆ ಕೊಳ್ಳುವವನು ಕೊಳ್ಳಬಹುದು.

ಇಷ್ಟೇ ಆಗಿದ್ದರೆ ಇದು ಹರಾಜಿನ ಕೂಗು ಎಂದು ಸುಮ್ಮನಾಗಬಹುದಿತ್ತು. ಕೌಟಿಲ್ಯನ ಜಾಣತನ ಮುಂದಿನ ಮಾತಿನಲ್ಲಿದೆ. ಕೊಳ್ಳುವವರ ಪೈಪೋಟಿಯಿಂದ ಬೆಲೆ ಏರಿತೆನ್ನಿ. ಏರಿದ ಭಾಗ ಮಾರುವವನಿಗೆ ಸೇರುವುದಿಲ್ಲ, ಸುಂಕದ ಸಮೇತ ರಾಜನ ಬೊಕ್ಕಸಕ್ಕೆ ಹೋಗುತ್ತದೆ. ಮೇಲುನೋಟಕ್ಕೆ ಇದು ರಾಜನ ದುರಾಶೆ. ರಾಜನಿಗೆ ದುರಾಶೆ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಮಾರುವವನ ಸ್ಥಾನದಲ್ಲಿ ನಿಂತು ಇದನ್ನು ಯೋಚಿಸಬೇಕು. ಏರಿದ ಬೆಲೆ ನನಗೆ ಸಿಕ್ಕುವುದಿಲ್ಲವೆಂದು ಮೊದಲೇ ತಿಳಿದಿದ್ದರೆ, ನನ್ನ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಮೊದಲ ಕೂಗಿನಲ್ಲಿ ಹೇಳಬೇಕಾಗುತ್ತದೆ. ಕಡಿಮೆ ಹೇಳಿ ನಾಲ್ಕು ಜನರನ್ನು ಸೇರಿಸಿ, ಅವರಲ್ಲಿ ಜಿದ್ದು ಹುಟ್ಟಿಸಿ, ಬೆಲೆ ಏರಿಸುವ ಆಟಕ್ಕೆ ಅಲ್ಲಿ ಎಡೆಯಿಲ್ಲ. ಇನ್ನೊಂದು ನಿಯಮವೂ ಇದೆ. ಬೆಲೆಗೆ ಒಪ್ಪಿ ಕೂಗಿದವನು ಏಳು ರಾತ್ರಿ ಕಳೆದರೂ ಬಾರದಿದ್ದರೆ ಮಾರುವವನು ಬೇರೆಯವರಿಗೆ ಕೊಡಬಹುದು. ಅದಕ್ಕೆ ಮೊದಲೇ ಅವನನ್ನು ಮೀರಿ ಮತ್ತೊಬ್ಬನಿಗೆ ಮಾರಿದರೆ 200 ಪಣ ದಂಡ. ಮಾತು ಆಡಿದ ಮೇಲೆ ಇಬ್ಬರಿಗೂ ಅದು ಕಟ್ಟು.

ಕೌಟಿಲ್ಯನಿಂದ ಶತಮಾನಗಳನ್ನು ದಾಟಿ ನಮ್ಮ ಕಲ್ಯಾಣಕ್ಕೆ ಬರೋಣ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಭೂಮಿಯು ಆರು ಕ್ರಿಯೆಗಳಿಂದ ಕೈ ಬದಲಾಯಿಸುತ್ತದೆ ಎಂಬ ಹಳೆಯ ವಚನವೊಂದನ್ನು ಅವನು ಎತ್ತಿಕೊಂಡು ವಿವರಿಸುತ್ತಾನೆ. ಊರಿನವರ, ಜ್ಞಾತಿಗಳ, ನೆರೆಯವರ, ದಾಯಾದಿಗಳ ಒಪ್ಪಿಗೆ ನಾಲ್ಕು. ಚಿನ್ನ ಮತ್ತು ನೀರನ್ನು ಧಾರೆಯೆರೆಯುವುದು ಎರಡು. ಊರಿನವರು ಒಪ್ಪದಿದ್ದರೆ ಮಾರಾಟವೇ ಅಸಿಂಧುವೆ? ಅಲ್ಲವೆನ್ನುತ್ತಾನೆ ವಿಜ್ಞಾನೇಶ್ವರ. ವ್ಯವಹಾರ ಬಹಿರಂಗವಾಗಲೆಂದು ಊರಿನವರು ಬೇಕು. ಎಲ್ಲೆಯ ಜಗಳ ಬಾರದಿರಲೆಂದು ನೆರೆಯವರು ಬೇಕು. ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಏಳದಿರಲೆಂದು ದಾಯಾದಿಗಳು ಬೇಕು. ಮಾರುವ ಹಕ್ಕು ಯಜಮಾನನದೇ. ಆದರೆ ಅವನು ಕತ್ತಲಲ್ಲಿ ಮಾರಬಾರದು.

ಚಿನ್ನ ಮತ್ತು ನೀರಿನ ಕಥೆ ಇನ್ನೂ ಸ್ವಾರಸ್ಯವಾದುದು. ಸ್ಥಿರಾಸ್ತಿಯನ್ನು ಮಾರಬಾರದು ಎಂಬ ನಿಷೇಧ ಹಳೆಯ ಶಾಸ್ತ್ರದಲ್ಲಿತ್ತು. ದಾನ ಮಾಡಿದರೆ ಪುಣ್ಯ. ಮಾರದೆ ವಿಧಿಯಿಲ್ಲದವನು ಏನು ಮಾಡಬೇಕು? ಮಾರಾಟವನ್ನೇ ದಾನದ ರೂಪದಲ್ಲಿ ಮಾಡಬೇಕು ಎಂದು ವಿಜ್ಞಾನೇಶ್ವರ ಹೇಳುತ್ತಾನೆ. ಹಣವನ್ನು ಎಣಿಸಿಕೊಂಡರೂ ಕೈಯಲ್ಲಿ ನೀರು ಬಿಟ್ಟು ಧಾರೆಯೆರೆದು ಕೊಡಬೇಕು. ಇದು ಶಾಸ್ತ್ರದ ಕಣ್ಣಿಗೆ ಮಣ್ಣೆರಚುವ ಉಪಾಯವೆಂದು ನಗುವವರು ನಗಬಹುದು. ನನಗೆ ಹಾಗೆ ತೋರುವುದಿಲ್ಲ. ಹುಟ್ಟಿ ಬೆಳೆದ ಮನೆಯನ್ನು ಬಿಟ್ಟುಕೊಡುವವನಿಗೆ, ಹಣ ಬಂದುದು ಮಾತ್ರ ಸಾಲದು. ನಾನು ಇದನ್ನು ಮನಸಾರೆ ಕೊಟ್ಟೆ ಎಂಬ ಭಾವವೂ ಬೇಕು. ಕೊಳ್ಳುವವನಿಗೂ, ಇನ್ನೊಬ್ಬನ ಕಣ್ಣೀರಿನ ಮೇಲೆ ಬಾಗಿಲು ತೆರೆಯುತ್ತಿಲ್ಲವೆಂಬ ಸಮಾಧಾನ ಬೇಕು.

ಇದೆಲ್ಲ ಗ್ರಂಥದಲ್ಲೇ ಉಳಿದ ಮಾತಲ್ಲ. ಬಿ. ಎಲ್. ರೈಸ್ ಮೊದಲಾದವರು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸಂಗ್ರಹಿಸಿಕೊಟ್ಟ ಶಾಸನಗಳಲ್ಲಿ ಕ್ರಯದ ಶಾಸನಗಳೂ ಇವೆ. ಧಾರಾಪೂರ್ವಕವಾಗಿ ಕೊಟ್ಟೆವು ಎಂಬ ಮಾತು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳನ್ನು ಎಣಿಸಿ ಹೇಳುತ್ತಾರೆ. ನೆಲದಡಿಯಲ್ಲಿ ಹೂತಿಟ್ಟ ಹಣ ಸಿಕ್ಕಿದರೆ ಅದೂ ಕೊಂಡವನದೇ. ಮುಂದೆ ಬರಬಹುದಾದ ಆದಾಯವೂ ಅವನದೇ. ಮಾರಿದ ಮೇಲೆ ಹಿಂದಿರುಗಿ ನೋಡುವಂತಿಲ್ಲ.

ಬೆಲೆಯ ವಿಷಯದಲ್ಲಿ ಈ ಶಾಸನಗಳು ಬಳಸುವ ಒಂದು ಸಿದ್ಧವಾಕ್ಯ ನನಗೆ ಬಹಳ ಪ್ರಿಯವಾದುದು: ತತ್ಕಾಲೋಚಿತ ಮಧ್ಯಸ್ಥ ಪರಿಕಲ್ಪಿತ ಕ್ರಯದ್ರವ್ಯ. ಆ ಕಾಲಕ್ಕೆ ಉಚಿತವಾದ, ಮಧ್ಯಸ್ಥರು ನಿಗದಿ ಮಾಡಿದ ಬೆಲೆಯ ಹಣ ಎಂದು ಇದರ ಅರ್ಥ. ಇಂದು ನಾವು ಮಾರುಕಟ್ಟೆಯ ಬೆಲೆ ಎನ್ನುತ್ತೇವೆ. ಆದರೆ ಮಾರುಕಟ್ಟೆಗೆ ಮುಖವಿಲ್ಲ. ಮಧ್ಯಸ್ಥನಿಗೆ ಮುಖವಿದೆ, ಹೆಸರಿದೆ, ಅದೇ ಊರಿನಲ್ಲಿ ನಾಳೆಯೂ ತಲೆಯೆತ್ತಿ ತಿರುಗಬೇಕೆಂಬ ಹಂಗಿದೆ. ಪತ್ರವನ್ನು ಬರೆದ ಸೇನಬೋವನು ತಾನು ಉಭಯರ ಅನುಮತದಿಂದ ಬರೆದೆನೆಂದೇ ಹೇಳಿಕೊಳ್ಳುತ್ತಾನೆ. ಒಬ್ಬನ ಲೇಖಕನಲ್ಲ, ಇಬ್ಬರ ಲೇಖಕ. ಕೊನೆಯಲ್ಲಿ ಹಾಕುವ ಸಹಿಗೆ ಒಪ್ಪ ಎಂದು ಹೆಸರು. ಒಪ್ಪಿದುದರ ಗುರುತೇ ಒಪ್ಪ. ಅಚ್ಚಗನ್ನಡದ ಈ ಶಬ್ದವನ್ನು ನಾವು ಕಳೆದುಕೊಂಡದ್ದು ನಷ್ಟವೆಂದೇ ನನ್ನ ಭಾವನೆ.

ಕಳೆದುಕೊಳ್ಳದೆ ಕೆಡಿಸಿಕೊಂಡ ಶಬ್ದವೂ ಒಂದಿದೆ. ಮುಂಗಡ ಹಣಕ್ಕೆ ನಮ್ಮಲ್ಲಿ ಸಂಚಕಾರ ಎನ್ನುತ್ತಿದ್ದರು. ಸತ್ಯಂಕಾರ ಎಂಬ ಸಂಸ್ಕೃತ ಶಬ್ದದ ತದ್ಭವ ಅದು. ಮಾತನ್ನು ಸತ್ಯ ಮಾಡುವುದು ಎಂದರ್ಥ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಈ ಸತ್ಯಂಕಾರದ ವಿಧಿಯಿದೆ. ಕೊಳ್ಳುವವನು ಮಾತಿಗೆ ಗುರುತಾಗಿ ಉಂಗುರವೊಂದನ್ನು ಮಾರುವವನ ಕೈಯಲ್ಲಿಟ್ಟನೆಂದು ವಿಜ್ಞಾನೇಶ್ವರ ಉದಾಹರಣೆ ಕೊಡುತ್ತಾನೆ. ಕೊಟ್ಟವನೇ ಮಾತು ತಪ್ಪಿದರೆ ಉಂಗುರ ಹೋಯಿತು. ತೆಗೆದುಕೊಂಡವನು ತಪ್ಪಿದರೆ ಎರಡರಷ್ಟು ಹಿಂದಿರುಗಿಸಬೇಕು. ಮನೆ, ಹೊಲಗಳಂಥ ವಸ್ತುಗಳಲ್ಲಿ ಕೊಂಡವನಿಗಾಗಲಿ ಕೊಟ್ಟವನಿಗಾಗಲಿ ಪಶ್ಚಾತ್ತಾಪವಾದರೆ ಹಿಂದೆಗೆಯಲು ಮನು 10 ದಿನಗಳ ಅವಧಿಯನ್ನೂ ಕೊಟ್ಟಿದ್ದಾನೆ. ಇಂದು ಸಂಚಕಾರವೆಂಬ ಶಬ್ದ ಪ್ರಾಣಕ್ಕೆ ಸಂಚಕಾರ ಬಂತು ಎಂಬಲ್ಲಿ ಮಾತ್ರ ಉಳಿದಿದೆ. ಮುಂಗಡ ತೆಗೆದುಕೊಂಡ ಮೇಲೆ ವಸ್ತು ನಮ್ಮದಲ್ಲ ಎಂಬ ಅರ್ಥದಿಂದಲೇ ಈ ಭಯದ ಅರ್ಥ ಹುಟ್ಟಿರಬೇಕು.

ಇಂಗ್ಲಿಷರು ಬಂದ ಮೇಲೆ ಊರಿನ ಚಾವಡಿಯ ಸ್ಥಾನಕ್ಕೆ ರಿಜಿಸ್ಟ್ರಾರರ ಕಚೇರಿ ಬಂತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯು 100 ರೂಪಾಯಿ ಮತ್ತು ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ನೋಂದಾಯಿಸಿದ ಪತ್ರದಿಂದಲೇ ಆಗಬೇಕೆಂದು ವಿಧಿಸಿತು. ಬರಿಯ ಕರಾರಿನಿಂದ ಮನೆಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲವೆಂದೂ ಹೇಳಿತು. ಈ ಕಾಯಿದೆಯ 55ನೆಯ ಕಲಮನ್ನು ಮನೆ ಮಾರುವವರೆಲ್ಲ ಒಮ್ಮೆ ಓದಬೇಕು. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷ ಸ್ವತ್ತಿನಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದು, ಅದು ಮಾರುವವನಿಗೆ ತಿಳಿದಿದ್ದರೆ, ಅವನೇ ಹೇಳಬೇಕು. ಇದಕ್ಕೆ ಸಮನಾದ ಭಾರ ಕೊಳ್ಳುವವನ ಮೇಲೂ ಇದೆ. ಮಾರುವವನಿಗೆ ಇರುವ ಹಕ್ಕು ಅವನು ತಿಳಿದಿರುವುದಕ್ಕಿಂತ ಹೆಚ್ಚಿನದು, ಅದರಿಂದ ಸ್ವತ್ತಿನ ಬೆಲೆ ಬಹಳ ಏರುತ್ತದೆ ಎಂದು ಕೊಳ್ಳುವವನಿಗೆ ಗೊತ್ತಿದ್ದರೆ, ಅವನು ಬಾಯಿ ಮುಚ್ಚಿಕೊಂಡು ಅಗ್ಗಕ್ಕೆ ಕೊಳ್ಳುವಂತಿಲ್ಲ. ಚೌಕಾಸಿಗೆ ಕಾನೂನಿನ ಅಡ್ಡಿಯಿಲ್ಲ. ಆದರೆ ಇಬ್ಬರ ಮೌನಕ್ಕೂ ಒಂದು ಮೇರೆಯಿದೆ.

ಇಷ್ಟಾದರೂ ಒಂದು ಬದಲಾವಣೆ ಆಯಿತು. ಚಾವಡಿಯಲ್ಲಿ ಬೆಲೆಯೂ ಬಹಿರಂಗ, ಪತ್ರವೂ ಬಹಿರಂಗವಾಗಿತ್ತು. ಕಚೇರಿಯಲ್ಲಿ ಪತ್ರ ಬಹಿರಂಗವಾಯಿತು, ಬೆಲೆ ಮಾತ್ರ ಟವಲಿನ ಕೆಳಗೆ ಹೋಯಿತು. ನಮ್ಮ ಮನೆತನದ ಹಳೆಯ ಮನೆಯನ್ನು ಮಾರುವ ಪ್ರಸಂಗ ಬಂದಾಗ ಇದನ್ನು ನಾನು ಹತ್ತಿರದಿಂದ ಕಂಡೆ. ಸುದ್ದಿ ತಿಳಿದೊಡನೆ ಮೊದಲು ಬಂದವರು ಪಕ್ಕದ ಮನೆಯವರು. ಹೊರಗಿನವರಿಗೆ ಹೇಳುವ ಮುನ್ನ ನಮ್ಮನ್ನು ಕೇಳುವುದು ಕ್ರಮವಲ್ಲವೆ ಎಂದರು. ಅವರು ಅರ್ಥಶಾಸ್ತ್ರವನ್ನು ಓದಿದವರಲ್ಲ. ಆದರೂ ಕೌಟಿಲ್ಯನ ಕ್ರಮ ಅವರ ಬಾಯಲ್ಲಿತ್ತು. ಆಮೇಲೆ ಬಂದ ಗಿರಾಕಿಯೊಬ್ಬರು ಮನೆಯನ್ನು ಸುತ್ತಿ ನೋಡುವ ಮೊದಲೇ, ಕಾಗದದ ಬೆಲೆ ಎಷ್ಟು, ಕೈಯ ಬೆಲೆ ಎಷ್ಟು ಎಂದು ಕೇಳಿದರು. ಬೆಲೆ ಒಂದೇ ಎಂದೆ. ಅವರು ನಗುತ್ತ ಎದ್ದು ಹೋದರು. ಮನೆ ಮತ್ತೆ ಹಲವು ತಿಂಗಳು ಕಾದಿತ್ತು.

ಈ ಎರಡು ಬೆಲೆಯ ರೋಗಕ್ಕೆ ಸರ್ಕಾರ ಮಾಡಿದ ಔಷಧವೂ ಚರಿತ್ರೆಗೆ ಸೇರಿದ್ದು. ದೊಡ್ಡ ನಗರಗಳಲ್ಲಿ ನಿಗದಿಯಾದ ಮೊತ್ತಕ್ಕೆ ಮೇಲ್ಪಟ್ಟ ಆಸ್ತಿಯನ್ನು ಕಾಗದದಲ್ಲಿ ಕಡಿಮೆ ಬೆಲೆಗೆ ತೋರಿಸಿದರೆ, ಆ ಬೆಲೆಗೇ ಅದನ್ನು ಕೊಳ್ಳುವ ಅಧಿಕಾರವನ್ನು 1986ರಲ್ಲಿ ಆದಾಯ ತೆರಿಗೆಯ ಕಾಯಿದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಕೌಟಿಲ್ಯನ ಯುಕ್ತಿಯೇ ತಿರುವುಮುರುವಾಗಿ ಬಂದಂತೆ! ಅಂದು ಕೂಗಿದ ಬೆಲೆಗಿಂತ ಏರಿದ್ದು ರಾಜನಿಗೆ. ಇಂದು ಇಳಿಸಿ ಬರೆದರೆ ಮನೆಯೇ ರಾಜನಿಗೆ. ಹಾಗೆ ಕೊಳ್ಳುವ ಮುನ್ನ ಉಭಯರ ಮಾತನ್ನೂ ಕೇಳಲೇಬೇಕೆಂದು 1992ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. 2002ರಲ್ಲಿ ಈ ಏರ್ಪಾಡು ನಿಂತುಹೋಯಿತು. ಮುಂಗಡವನ್ನು 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ತೆಗೆದುಕೊಳ್ಳಬಾರದೆಂಬ ನಿಯಮ 2015ರಲ್ಲಿ ಬಂತು. ಕರ್ನಾಟಕದ ನೋಂದಣಿ ಕಚೇರಿಗಳಲ್ಲಿ ಮಾರ್ಗಸೂಚಿ ದರದ ಪಟ್ಟಿಯಿದೆ. ತತ್ಕಾಲೋಚಿತ ಬೆಲೆಯನ್ನು ಕಟ್ಟುವ ಮಧ್ಯಸ್ಥನ ಕೆಲಸವನ್ನು ಈಗ ಒಂದು ಕಾಗದದ ಪಟ್ಟಿ ಮಾಡಬೇಕಾಗಿದೆ.

ಹಾಗೆಂದು ಹಳೆಯದೆಲ್ಲ ಬಂಗಾರವೆಂದು ನಾನು ವಾದಿಸುತ್ತಿಲ್ಲ. ನೆರೆಯವರಿಗೆ ಮೊದಲ ಹಕ್ಕು ಎಂಬ ಪದ್ಧತಿಯ ಇನ್ನೊಂದು ಮುಖವನ್ನೂ ನೋಡಬೇಕು. ಬೇರೆ ಜಾತಿಯವನು, ಬೇರೆ ಮತದವನು ಬೀದಿಗೆ ಬಾರದಂತೆ ಕಾಯುವ ಬೇಲಿಯೂ ಅದೇ ಆಗಿತ್ತು. 1962ರಲ್ಲಿ ಭಾವುರಾಮ್ ಮತ್ತು ಬೈಜನಾಥ ಸಿಂಗ್ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಗುರುತಿಸಿತು. ಬರಿಯ ನೆರೆತನದ ಕಾರಣದಿಂದ ಕೊಳ್ಳುವ ಮೊದಲ ಹಕ್ಕನ್ನು ಕೇಳುವುದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ತೀರ್ಪು ಕೊಟ್ಟಿತು. ಪಾಲುದಾರರ ಹಕ್ಕನ್ನು ಮಾತ್ರ ಉಳಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೆಯ ಕಲಮಿನಲ್ಲಿ ಸಹವಾರಸುದಾರರಿಗೆ ಇಂಥ ಮೊದಲ ಅವಕಾಶ ಇಂದಿಗೂ ಇದೆ. ಊರಿನವರು ಸಾಕ್ಷಿಗಳಾಗಿರುವುದು ಒಂದು, ಕಾವಲುಗಾರರಾಗುವುದು ಇನ್ನೊಂದು. ಮೊದಲನೆಯದು ಬೇಕು, ಎರಡನೆಯದು ಹೋದದ್ದು ಒಳ್ಳೆಯದಾಯಿತು.

ಇಂದು ಮನೆ ಮಾರಲು ಕುಳಿತವನಿಗೆ ಈ ಚರಿತ್ರೆಯಿಂದ ಏನು ಸಿಕ್ಕುತ್ತದೆ? ಕೂಗುವ ಮುನ್ನ ಬೆಲೆಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಪಾಲುದಾರರನ್ನು ಮೊದಲೇ ಕೇಳಿ, ಎಲ್ಲೆಯನ್ನು ನೆರೆಯವರ ಎದುರು ತೋರಿಸಬೇಕು. ಮಳೆಗಾಲದಲ್ಲಿ ಸೋರುವ ಮೂಲೆಯನ್ನು ಗಿರಾಕಿ ಕಂಡುಹಿಡಿಯಲೆಂದು ಬಿಡದೆ ತಾನೇ ತೋರಿಸಬೇಕು. ಹಾಗೆ ತೋರಿಸಿದವನು ಹೇಳುವ ಬೆಲೆಯನ್ನು ಕೊಳ್ಳುವವನು ನಂಬುತ್ತಾನೆ. ನಂಬಿದ ಮೇಲೆ ಚೌಕಾಸಿ ಉದ್ದವಾಗುವುದಿಲ್ಲ. ಇಬ್ಬರಿಗೂ ಬೇಕಾದ ಒಬ್ಬ ಮಧ್ಯಸ್ಥ ಸಿಕ್ಕಿದರೆ ಅದಕ್ಕಿಂತ ಭಾಗ್ಯವಿಲ್ಲ. ಹಣ ಖರ್ಚಾಗಿಹೋಗುತ್ತದೆ. ಆದರೆ ಮಾರಿದ ಮನೆಯ ಮುಂದಿನ ಬೀದಿಯಲ್ಲಿ ಮುಂದೆಂದಾದರೂ ನಡೆದು ಹೋಗಬೇಕಾಗುತ್ತದೆ. ಒಳಗಿನವರು ಕಂಡು, ಬನ್ನಿ, ಕಾಫಿ ಕುಡಿದು ಹೋಗಿ ಎಂದು ಕರೆಯುವಂತಿದ್ದರೆ, ಆ ಕ್ರಯ ಸರಿಯಾಗಿ ಆಯಿತೆಂದು ತಿಳಿಯಬೇಕು.