ಮೂಗೇಟು ಮಾತಾಡಿದ ಬಗೆ

(ಕನ್ನಡ ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಅವನು ಹೃದಯಾಘಾತವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಮಾತಾಡುವುದು ವಾಡಿಕೆ. ನಾನು ಇಂದು ಆರಿಸಿಕೊಂಡಿರುವ ವಿಷಯ ಅವುಗಳ ಮುಂದೆ ಅತಿ ಚಿಕ್ಕದು. ಬಾಗಿಲ ಚಿಲಕಕ್ಕೆ ತಗುಲಿದ ಮೊಣಕೈ, ಮೇಜಿನ ಮೂಲೆಗೆ ತಾಗಿದ ತೊಡೆ, ಮರುದಿನ ಅಲ್ಲಿ ಕಾಣುವ ನೀಲಿ ಕಲೆ: ಇದೇ ನನ್ನ ವಿಷಯ. ಇದಕ್ಕೆ ನಮ್ಮ ಕನ್ನಡದಲ್ಲಿ ಸೊಗಸಾದ ಒಂದು ಮಾತಿದೆ, ಮೂಗೇಟು. ಮೂಗ ಎಂದರೆ ಮಾತು ಬಾರದವನು. ಚರ್ಮ ಹರಿಯದೆ, ರಕ್ತ ಹೊರಗೆ ಸುರಿಯದೆ, ಒಳಗೊಳಗೇ ಆಗುವ ಪೆಟ್ಟನ್ನು ನಮ್ಮ ಹಿರಿಯರು ಮಾತಾಡದ ಏಟು ಎಂದು ಕಂಡರು.

ಈ ಮೂಗೇಟಿಗೆ ಮದ್ದು ಮಾಡಿದ ಚರಿತ್ರೆ ಬಲು ಹಳೆಯದು. ಅದನ್ನು ಮರೆಮಾಚಿದ ಚರಿತ್ರೆಯೂ ಹಾಗೆಯೇ. ಆದರೆ ಅದರ ಮಾತನ್ನು ಕೇಳಿಸಿಕೊಳ್ಳಲು ವೈದ್ಯರು ಕಲಿತದ್ದು ತೀರ ಈಚೆಗೆ. ಆ ಕಲಿಕೆಯ ಕಥೆಯನ್ನು ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ಮೊದಲು ಮೂಗೇಟು ಎಂದರೇನು ಎಂಬುದನ್ನು ನೋಡೋಣ. ಪೆಟ್ಟು ಬಿದ್ದಾಗ ಚರ್ಮದ ಕೆಳಗಿರುವ ಕೂದಲೆಳೆಗಿಂತ ತೆಳುವಾದ ರಕ್ತನಾಳಗಳು ಒಡೆಯುತ್ತವೆ. ರಕ್ತ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ಮೊದಲು ಕೆಂಪಾಗಿದ್ದ ಜಾಗ ಆಮ್ಲಜನಕ ಕಳೆದುಕೊಂಡಂತೆ ನೀಲಿ, ನೇರಳೆಯಾಗುತ್ತದೆ. ದೇಹದ ಭಕ್ಷಕ ಕೋಶಗಳು ಅಲ್ಲಿಗೆ ಧಾವಿಸಿ ಕೆಂಪು ಕಣಗಳನ್ನು ನುಂಗಿ, ಅವುಗಳಲ್ಲಿನ ಹಿಮೋಗ್ಲೋಬಿನ್ನನ್ನು ಒಡೆಯುತ್ತವೆ. ಹಸಿರು ಬಣ್ಣದ ಬಿಲಿವರ್ಡಿನ್, ಹಳದಿ ಬಣ್ಣದ ಬಿಲಿರುಬಿನ್, ಕಂದು ಬಣ್ಣದ ಹಿಮೋಸಿಡರಿನ್ ಇವು ಆ ಕೆಲಸದ ಶೇಷಗಳು. ಕಾಮಾಲೆ ರೋಗಿಯ ಕಣ್ಣನ್ನು ಹಳದಿಯಾಗಿಸುವುದೂ ಇದೇ ಬಿಲಿರುಬಿನ್. ಹಳೆಯ ರಕ್ತಸ್ರಾವದ ಜಾಗಗಳಲ್ಲಿ ಸಿಗುವ ವರ್ಣಹರಳುಗಳು ರಕ್ತದಿಂದಲೇ ಹುಟ್ಟಿದವು ಎಂಬುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 1847ರಲ್ಲಿಯೇ ವಿವರಿಸಿದ್ದರು. ಹೆಚ್ಚಿನ ಮೂಗೇಟುಗಳು ಸುಮಾರು ಎರಡು ವಾರಗಳಲ್ಲಿ ತಾವಾಗಿಯೇ ಮಾಯುತ್ತವೆ.

ತಾನಾಗಿ ಮಾಯುವ ಗಾಯಕ್ಕೆ ಮದ್ದುಗಳು ಹೆಚ್ಚು. ದೇಹ ಮಾಡಿದ ಕೆಲಸದ ಕೀರ್ತಿಯನ್ನು ಕೊನೆಯಲ್ಲಿ ಹಚ್ಚಿದ ಲೇಪ ಪಡೆದುಕೊಳ್ಳುತ್ತದೆ! ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಜಿಗಣೆಗಳಿಗೆಂದೇ ಒಂದು ಅಧ್ಯಾಯವಿದೆ. ಅದರಲ್ಲಿ ವಿಷವುಳ್ಳ ಆರು, ವಿಷವಿಲ್ಲದ ಆರು, ಒಟ್ಟು ಹನ್ನೆರಡು ಬಗೆಯ ಜಿಗಣೆಗಳನ್ನು ಹೆಸರಿಸಿದೆ. ಮಕ್ಕಳು, ಮುದುಕರು, ಅಂಜುಬುರುಕರು ಮೊದಲಾದವರ ಕೆಟ್ಟ ರಕ್ತವನ್ನು ತೆಗೆಯಲು ಇದೇ ಮೃದುವಾದ ಉಪಾಯವೆಂದು ಹೇಳಿದೆ. ಯೂರೋಪಿನಲ್ಲಿಯೂ ಜಿಗಣೆಯ ಹುಚ್ಚು ಕಡಿಮೆಯದಲ್ಲ. 1830ರ ದಶಕದಲ್ಲಿ ಫ್ರಾನ್ಸ್ ದೇಶ ಕೋಟಿಗಟ್ಟಲೆ ಜಿಗಣೆಗಳನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಜಿಗಣೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ ಎಂಬುದನ್ನು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿದರು. ಇಂದು ಅದರ ಸ್ಥಾನ ಮೂಗೇಟಿನಲ್ಲಿಲ್ಲ. ತುಂಡಾದ ಬೆರಳನ್ನು ಮರುಜೋಡಿಸಿದಾಗ ಅಲ್ಲಿ ನಿಂತ ರಕ್ತವನ್ನು ಹೀರಿಸುವ ಶಸ್ತ್ರಚಿಕಿತ್ಸೆಯಲ್ಲಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2004ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು.

ನಮ್ಮ ಮನೆಗಳ ಮದ್ದನ್ನು ನೀವೆಲ್ಲ ಬಲ್ಲಿರಿ. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕೊಡುವ ಶಾಖ, ಅರಿಶಿನ ಸುಣ್ಣಗಳ ಪಟ್ಟು. ಆರತಿಯ ನೀರನ್ನು ಕೆಂಪಾಗಿಸುವ ಜೋಡಿಯೇ ಮೊಣಕಾಲಿನ ಮೇಲೂ ಕೆಂಪಾಗುತ್ತಿತ್ತು. ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ದೊರೆತಾಗ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳ ಆಧಾರವನ್ನು ಮುಂದಿಟ್ಟು ಪ್ರತಿಭಟಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಅಜ್ಜಿಯ ಡಬ್ಬಿ ಗೆದ್ದಿತೆಂದು ನಾವೆಲ್ಲ ಹಿಗ್ಗಿದೆವು. ಆದರೆ ಆ ತೀರ್ಪು ಹೇಳಿದ್ದು ಜ್ಞಾನ ಹಳೆಯದು ಎಂದಷ್ಟೇ. ಯಾವ ಗಾಯಕ್ಕೆ ಎಷ್ಟು ಗುಣ ಎಂಬುದು ಬೇರೆ ಪ್ರಶ್ನೆ.

ಆಧುನಿಕ ವೈದ್ಯವೂ ಇಲ್ಲಿ ಬೀಗುವಂತಿಲ್ಲ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರಿಸಿಡುವುದು ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮರ್ಕಿನ್. ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿ ಮಾಯುವಿಕೆಯನ್ನು ತಡಮಾಡಬಹುದೆಂದು 2014ರಲ್ಲಿ ಅವರೇ ತಮ್ಮ ಮಾತನ್ನು ತಿದ್ದಿಕೊಂಡರು. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಎರಡು ದಿನಗಳ ಬಳಿಕ ಹದವಾದ ಶಾಖ ಹಿತವೆನಿಸುತ್ತದೆ. ಅಲ್ಲಿಗೆ ಸಣ್ಣ ಮೂಗೇಟಿನ ಚಿಕಿತ್ಸೆ ಮುಗಿಯಿತು.

ಮರೆಮಾಚುವ ಕಲೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ನ್ಯೂಯಾರ್ಕಿನ ಬೌರಿ ಪ್ರದೇಶದ ಹಚ್ಚೆಯಂಗಡಿಗಳಲ್ಲಿ ಕಪ್ಪುಗಟ್ಟಿದ ಕಣ್ಣಿಗೆ ಬಣ್ಣ ಹಚ್ಚಿ ಸಹಜವಾಗಿಸಿಕೊಡುತ್ತೇವೆಂಬ ಫಲಕ ತೂಗುತ್ತಿತ್ತು. ರಾತ್ರಿ ಹೊಡೆದಾಡಿದವನು ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲವೇ? ಮುಖದ ಮೇಲೆ ಹುಟ್ಟಿನಿಂದಲೇ ಕೆಂಪು ಮಚ್ಚೆಯಿದ್ದ ಲಿಡಿಯಾ ಓಲಿಯರಿ ಎಂಬ ಮಹಿಳೆ ಅದನ್ನು ಮುಚ್ಚಲು ತಾನೇ ಒಂದು ದಪ್ಪ ಲೇಪವನ್ನು ತಯಾರಿಸಿ, 1932ರಲ್ಲಿ ಅದಕ್ಕೆ ಪೇಟೆಂಟ್ ಪಡೆದಳು. ಕವರ್‌ಮಾರ್ಕ್ ಎಂಬ ಆ ಲೇಪ ಎಷ್ಟೋ ಜನರಿಗೆ ಮತ್ತೆ ಬೀದಿಗಿಳಿಯುವ ಧೈರ್ಯ ಕೊಟ್ಟಿತು. ಅದೇ ದಶಕದ ಕೊನೆಯಲ್ಲಿ ಹಾಲಿವುಡ್ಡಿನ ಬಣ್ಣದ ಚಿತ್ರಗಳಿಗಾಗಿ ಮ್ಯಾಕ್ಸ್ ಫ್ಯಾಕ್ಟರ್ ಸಂಸ್ಥೆ ಪ್ಯಾನ್‌ಕೇಕ್ ಲೇಪವನ್ನು ತಂದಿತು. ಇಂದಿನ ಲೇಪಗಳ ಗುಟ್ಟು ಸರಳ. ಟೈಟೇನಿಯಂ ಡೈಆಕ್ಸೈಡಿನ ಬಿಳಿಪುಡಿ ಬೆಳಕನ್ನು ಒಳಗೆ ಬಿಡದು. ಕಬ್ಬಿಣದ ಆಕ್ಸೈಡುಗಳು ಚರ್ಮದ ಬಣ್ಣ ಕೊಡುತ್ತವೆ. ನೀಲಿ, ನೇರಳೆ ಕಲೆಯ ಮೇಲೆ ಮೊದಲು ಹಳದಿ ಅಥವಾ ಕಿತ್ತಳೆ ಛಾಯೆಯನ್ನು ಹಚ್ಚಿ, ಅದರ ಮೇಲೆ ಮೈಬಣ್ಣದ ಲೇಪ ಹಚ್ಚಿದರೆ ಕಲೆ ಕಾಣದು. ನಮ್ಮಂಥ ಕಂದು ಚರ್ಮದವರಿಗೆ ಕಿತ್ತಳೆ ಛಾಯೆ ಹೆಚ್ಚು ಹೊಂದುತ್ತದೆ. ಮಗಳ ಮದುವೆಯ ಹಿಂದಿನ ದಿನ ಎಡವಿಬಿದ್ದ ತಾಯಿ ಹೀಗೆ ಮಾಡಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಮುಚ್ಚುವುದು ಎಷ್ಟೋ ಸಲ ಮಾನವನ್ನು ಕಾಯುತ್ತದೆ. ಆದರೆ ಕೆಲವು ಸಲ ಮುಚ್ಚಿದ್ದು ಯಾರ ಮಾನ ಎಂದು ಕೇಳಬೇಕಾಗುತ್ತದೆ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪ್ಯಾರಿಸ್ಸಿನ ನ್ಯಾಯವೈದ್ಯ ಆಂಬ್ರೋಯಿಸ್ ತಾರ್ದ್ಯೂ 1860ರಲ್ಲಿ ಒಂದು ಲೇಖನ ಪ್ರಕಟಿಸಿದರು. ದೊಡ್ಡವರ ಕ್ರೌರ್ಯಕ್ಕೆ ತುತ್ತಾದ 32 ಮಕ್ಕಳ ವಿವರ ಅದರಲ್ಲಿತ್ತು. ಅವರಲ್ಲಿ 18 ಮಕ್ಕಳು ಸತ್ತಿದ್ದರು. ಮೂಗೇಟುಗಳು ಎಲ್ಲಿವೆ, ಯಾವ ಆಕಾರದಲ್ಲಿವೆ ಎಂಬುದನ್ನು ಅವರು ಬಿಡಿಸಿ ಬರೆದರು. ವೈದ್ಯಲೋಕ ಅದನ್ನು ಹೆಚ್ಚಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1874ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಮುಂದೆ ಮೇರಿ ಎಲೆನ್ ಎಂಬ ಬಾಲಕಿಯನ್ನು ತಂದು ನಿಲ್ಲಿಸಿದಾಗ ಅವಳ ಮೈಮೇಲಿನ ಕಲೆಗಳೇ ಸಾಕ್ಷಿ ನುಡಿದವು. ಅವಳ ನೆರವಿಗೆ ಬಂದ ಹೆನ್ರಿ ಬರ್ಗ್ ಪ್ರಾಣಿದಯಾ ಸಂಘದ ಸ್ಥಾಪಕರು. ಕುದುರೆಯನ್ನು ಕಾಯುವ ಸಂಘ ಅಂದು ಇತ್ತು, ಮಗುವನ್ನು ಕಾಯುವ ಸಂಘ ಇರಲಿಲ್ಲ! ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘ ಆ ನಗರದಲ್ಲಿ ಹುಟ್ಟಿದ್ದು ಈ ಪ್ರಕರಣದ ಬಳಿಕವೇ.

ಆಮೇಲೂ ವೈದ್ಯರು ಬಹುಕಾಲ ಮೌನವಾಗಿದ್ದರು. 1946ರಲ್ಲಿ ಜಾನ್ ಕ್ಯಾಫಿ ಎಂಬ ಕ್ಷಕಿರಣ ತಜ್ಞರು, ಮೆದುಳಿನ ಹೊದಿಕೆಯ ಕೆಳಗೆ ರಕ್ತಸ್ರಾವವೂ ಕೈಕಾಲಿನ ಮೂಳೆಮುರಿತವೂ ಒಟ್ಟಿಗಿದ್ದ ಆರು ಶಿಶುಗಳನ್ನು ವರ್ಣಿಸಿದರು. 1962ರಲ್ಲಿ ಡೆನ್ವರಿನ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಇದು ಹೊಡೆತ ತಿಂದ ಮಗುವಿನ ಲಕ್ಷಣಕೂಟ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಕಣ್ಣು ತೆರೆಯಿತು. ಐದೇ ವರ್ಷಗಳಲ್ಲಿ, 1967ರ ವೇಳೆಗೆ, ಅಮೆರಿಕದ ಎಲ್ಲ ರಾಜ್ಯಗಳಲ್ಲಿಯೂ ಇಂಥ ಅನುಮಾನವನ್ನು ವರದಿ ಮಾಡುವ ಕಾನೂನುಗಳು ಬಂದವು. ಹೆಂಗಸರ ಸರದಿ ಇನ್ನೂ ತಡವಾಗಿ ಬಂತು. ಲಂಡನ್ನಿನ ಚಿಸಿಕ್‌ನಲ್ಲಿ ಎರಿನ್ ಪಿಜ್ಜಿ ಆಶ್ರಯಧಾಮ ತೆರೆದದ್ದು 1971ರಲ್ಲಿ. ಭಾರತದಲ್ಲಿ ದಂಡಸಂಹಿತೆಗೆ 498ಎ ಕಲಮು ಸೇರಿದ್ದು 1983ರಲ್ಲಿ. ಕೌಟುಂಬಿಕ ಹಿಂಸೆಯ ವಿರುದ್ಧ ಪ್ರತ್ಯೇಕ ಕಾಯಿದೆಯಾದದ್ದು 2005ರಲ್ಲಿ.

ಮೂಗೇಟನ್ನು ಓದಲು ಕಲಿತ ವೈದ್ಯರು ತಪ್ಪಾಗಿಯೂ ಓದಿದರು. ವಲಸೆ ಬಂದ ನಮ್ಮಂಥವರಿಗೆ ಇದು ಬಹಳ ಹತ್ತಿರದ ವಿಷಯ. ನಮ್ಮ ಎಷ್ಟೋ ಕೂಸುಗಳಿಗೆ ಹುಟ್ಟುವಾಗಲೇ ಸೊಂಟದ ಕೆಳಗೆ, ಬೆನ್ನ ಮೇಲೆ ನೀಲಿಬೂದು ಮಚ್ಚೆಗಳಿರುತ್ತವೆ. 1880ರ ದಶಕದಲ್ಲಿ ಜಪಾನಿನಲ್ಲಿದ್ದ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ ಇವುಗಳನ್ನು ವರ್ಣಿಸಿ, ಮಂಗೋಲಿಯನ್ ಮಚ್ಚೆ ಎಂಬ ಹೆಸರಿಗೆ ಕಾರಣರಾದರು. ಚರ್ಮದ ಆಳದಲ್ಲಿ ಉಳಿದ ವರ್ಣಕೋಶಗಳಿಂದಾದ ಈ ಮಚ್ಚೆ ನೋಯುವುದಿಲ್ಲ, ಬಣ್ಣ ಬದಲಿಸುವುದಿಲ್ಲ, ಕೆಲವು ವರ್ಷಗಳಲ್ಲಿ ಮಾಸುತ್ತದೆ. ಬಿಳಿಯ ಮಕ್ಕಳನ್ನೇ ನೋಡಿ ಬೆಳೆದ ಕಣ್ಣಿಗೆ ಅದು ಹೊಡೆತದ ಗುರುತಾಗಿ ಕಂಡು, ಮುಗ್ಧ ತಾಯ್ತಂದೆಯರು ವಿಚಾರಣೆಗೆ ಗುರಿಯಾದದ್ದುಂಟು. 1975ರ ಬಳಿಕ ಬಂದ ವಿಯೆಟ್ನಾಂ ನಿರಾಶ್ರಿತರು ಜ್ವರ ಬಂದ ಮಗುವಿನ ಬೆನ್ನನ್ನು ನಾಣ್ಯದಿಂದ ತೀಡುತ್ತಿದ್ದರು. ಆ ಕೆಂಪು ಗೆರೆಗಳೂ ಹೀಗೆಯೇ ಅಪಾರ್ಥಕ್ಕೆ ಎಡೆಯಾದವು. ಆದ್ದರಿಂದ ನಿಮ್ಮ ಕೂಸಿಗೆ ಇಂಥ ಮಚ್ಚೆಯಿದ್ದರೆ ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತೋರಿಸಿ, ಕಡತದಲ್ಲಿ ಬರೆಸಿರಿ.

ಬಣ್ಣ ನೋಡಿ ಏಟಿನ ದಿನ ಹೇಳಬಹುದೆಂಬ ನಂಬಿಕೆಯೂ ಕುಸಿಯಿತು. ಹಳದಿ ಬಣ್ಣ 18 ಗಂಟೆಗಳಿಗೆ ಮೊದಲು ಕಾಣಿಸದು ಎಂದು 1991ರ ಒಂದು ಅಧ್ಯಯನ ತೋರಿಸಿತು. ಅದಕ್ಕಿಂತ ನಿಖರವಾಗಿ ಬಣ್ಣದಿಂದ ವಯಸ್ಸು ಹೇಳಲಾಗದು ಎಂದು 2005ರಲ್ಲಿ ಬ್ರಿಟನ್ನಿನ ತಜ್ಞರು ಹಿಂದಿನ ಅಧ್ಯಯನಗಳನ್ನೆಲ್ಲ ತೂಗಿ ತೀರ್ಮಾನಿಸಿದರು. ಬಣ್ಣಕ್ಕಿಂತ ಸ್ಥಾನ ಮುಖ್ಯ. 1999ರಲ್ಲಿ ಸಿಯಾಟಲ್‌ನಿಂದ ಬಂದ ಅಧ್ಯಯನದಲ್ಲಿ 6 ತಿಂಗಳೊಳಗಿನ 366 ಶಿಶುಗಳಲ್ಲಿ ಮೂಗೇಟು ಕಂಡದ್ದು ಇಬ್ಬರಲ್ಲಿ ಮಾತ್ರ. ನಡೆಯುವ ಮಗುವಿನ ಮೊಣಕಾಲಿನ ಕಲೆ ಆಟದ ಗುರುತು. ಮಗುಚಿಕೊಳ್ಳದ ಕೂಸಿನ ಕೆನ್ನೆ, ಕಿವಿ, ಕುತ್ತಿಗೆಯ ಕಲೆ ಪ್ರಶ್ನೆ ಕೇಳುತ್ತದೆ.

ಇನ್ನೊಂದು ಕೊರತೆ ನಮ್ಮ ಮೈಬಣ್ಣಕ್ಕೆ ಸಂಬಂಧಿಸಿದ್ದು. ಪಠ್ಯಪುಸ್ತಕಗಳಲ್ಲಿ ಚರ್ಮದ ಚಿತ್ರಗಳು ಬಹುಪಾಲು ಬಿಳಿಯರವು. ಇದನ್ನು ತುಂಬಲು 2020ರಲ್ಲಿ ಲಂಡನ್ನಿನ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ತನ್ನ ಗುರುಗಳೊಡನೆ ಕಪ್ಪು, ಕಂದು ಚರ್ಮದ ರೋಗಲಕ್ಷಣಗಳ ಕೈಪಿಡಿ ತಂದರು. ಅದೇ ವರ್ಷ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು, ನೇರಳೆ ಮತ್ತು ನೀಲಿ ಬೆಳಕು ಹಾಯಿಸಿ ಹಳದಿ ಕನ್ನಡಕದಿಂದ ನೋಡಿದರೆ ಸಾಮಾನ್ಯ ಬೆಳಕಿನಲ್ಲಿ ಕಾಣದ ಮೂಗೇಟುಗಳೂ ಕಾಣುತ್ತವೆಂದು ತೋರಿಸಿತು. ಕಂದು ಚರ್ಮ ತಾನಾಗಿಯೇ ಅರ್ಧ ಮರೆಮಾಚುತ್ತದೆ. ಲೇಪ ಉಳಿದರ್ಧವನ್ನು ಮುಗಿಸುತ್ತದೆ.

ಹೊಡೆತವೇ ಇಲ್ಲದ ಮೂಗೇಟುಗಳೂ ಉಂಟು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸಲು ಹಿಡಿದ ಸಿಹಿ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತ ಸುರಿದು ಸತ್ತವು. ಅದರ ಕಾರಣ ಹುಡುಕಿದ ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ತಂಡದಿಂದಲೇ ವಾರ್ಫರಿನ್ ಹುಟ್ಟಿತು. 1948ರಲ್ಲಿ ಇಲಿಪಾಷಾಣವಾಗಿ ಮಾರಾಟಕ್ಕೆ ಬಂದ ಅದು, 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರ ಹೃದಯಾಘಾತಕ್ಕೆ ಮದ್ದಾಯಿತು. ಊರಿನಿಂದ ಬಂದಿರುವ ನಿಮ್ಮ ತಂದೆತಾಯಿಯರು ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದು, ಮೈಮೇಲೆ ಕಾರಣವಿಲ್ಲದೆ ಕಲೆಗಳು ಮೂಡಿದರೆ ಅರಿಶಿನ ಹಚ್ಚಿ ಕೂರಬೇಡಿ. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ, ವೈದ್ಯರನ್ನು ಕೇಳಿರಿ. ತಲೆಗೆ ಪೆಟ್ಟು ಬಿದ್ದಿದ್ದರೆ ಕಲೆ ಕಾಣದಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಯದಾಗಿ ಒಂದು ಮಾತು. ನಮ್ಮ ಸಮಾಜ ಓದಿದವರ ಸಮಾಜ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಎಂದು ಹೇಳುವುದು ಸುಲಭ. ಆದರೆ ಅಮೆರಿಕದಲ್ಲಿ ದಕ್ಷಿಣ ಏಷ್ಯದ ಹೆಂಗಸರ ನೆರವಿಗೆಂದು ನ್ಯೂಜೆರ್ಸಿಯಲ್ಲಿ ಮಾನವಿ ಸಂಸ್ಥೆ 1985ರಲ್ಲಿ ಹುಟ್ಟಬೇಕಾಯಿತು ಎಂಬುದನ್ನು ಮರೆಯಬಾರದು. ಗಂಡನ ವೀಸಾದ ನೆರಳಲ್ಲಿ ಬಂದವಳಿಗೆ ಇಲ್ಲಿ ತವರಿಲ್ಲ, ನೆರೆಹೊರೆಯಿಲ್ಲ, ಎಷ್ಟೋ ಸಲ ಸ್ವಂತ ದುಡಿಮೆಯೂ ಇಲ್ಲ. ಅವಳಿಗೆ ಇರುವ ನೆರೆಹೊರೆ ಈ ಕೂಟವೇ. ಯುಗಾದಿಯ ಸಭೆಗೆ ಸೆಕೆಯಲ್ಲಿಯೂ ತುಂಬುತೋಳಿನ ರವಿಕೆ ತೊಟ್ಟು ಬಂದವಳು, ಮೆಟ್ಟಿಲಲ್ಲಿ ಜಾರಿದೆ ಎಂದು ಎರಡನೆಯ ಸಲ ಹೇಳಿದವಳು ನಮ್ಮ ಪಕ್ಕದಲ್ಲಿಯೇ ಕುಳಿತಿರಬಹುದು. ಎಲ್ಲರ ಮುಂದೆ ಕೇಳಬೇಡಿ, ಗಂಡನ ಮುಂದಂತೂ ಬೇಡವೇ ಬೇಡ. ಅವಳನ್ನು ಒಬ್ಬಳನ್ನೇ ಅಡಿಗೆಮನೆಗೆ ಕರೆದು, ಮನೆಯಲ್ಲಿ ಎಲ್ಲವೂ ಕ್ಷೇಮವೇನಮ್ಮ ಎಂದು ಕೇಳಿರಿ. ಉತ್ತರ ಬಾರದಿದ್ದರೆ ನಿಮ್ಮ ದೂರವಾಣಿ ಸಂಖ್ಯೆ ಕೊಟ್ಟು ಸುಮ್ಮನಿರಿ. ತೀರ್ಮಾನ ಅವಳದೇ ಆಗಿರಲಿ.

ತಾರ್ದ್ಯೂ ಬರೆದದ್ದನ್ನು ಲೋಕ ಕೇಳಲು ನೂರು ವರ್ಷ ಹಿಡಿಯಿತು. ನಾವು ಅಷ್ಟು ಕಾಯಬೇಕಾಗಿಲ್ಲ.