ತರ್ಕದ ಎಲ್ಲೆ: ಮೇಲುಕೋಟೆಯಿಂದ ಅಕ್ಕಿಹೆಬ್ಬಾಳಿನವರೆಗೆ

ಮದ್ದೂರು, ಮಳವಳ್ಳಿಯ ಕಡೆ ಕಬ್ಬಿನ ಗದ್ದೆಗಳಾಚೆ ಹೊಗೆ ಎದ್ದರೆ ಅಲ್ಲೊಂದು ಆಲೆಮನೆಯಿದೆ, ಒಲೆ ಉರಿಯುತ್ತಿದೆ ಎಂದು ದಾರಿಹೋಕನೂ ಹೇಳಬಲ್ಲ. ಬೆಂಕಿಯನ್ನು ಆತ ಕಂಡಿಲ್ಲ, ಹೊಗೆಯಿಂದ ತಿಳಿದಿದ್ದಾನೆ. ಭಾರತೀಯ ತರ್ಕಶಾಸ್ತ್ರ ಇದನ್ನು 'ಅನುಮಾನ' ಎಂದು ಕರೆಯುತ್ತದೆ. ಇಲ್ಲಿ ಅನುಮಾನವೆಂದರೆ ಸಂಶಯವಲ್ಲ. ಕಂಡದ್ದರಿಂದ ಕಾಣದ್ದನ್ನು ಅರಿಯುವ ಕ್ರಮ. ಆದರೆ ಹೊಗೆ, ಬೆಂಕಿ ಎರಡನ್ನೂ ಒಟ್ಟಿಗೆ ಮೊದಲೇ ಕಂಡವನಿಗಷ್ಟೇ ಇದು ಸಾಧ್ಯ. ಹಾಗಾದರೆ ಅನುಭವದ ನೆರವೇ ಇಲ್ಲದೆ, ಬುದ್ಧಿಯೊಂದರಿಂದಲೇ ಜ್ಞಾನ ಪಡೆಯಬಹುದೆ?

ಪಡೆಯಬಹುದು ಎಂದವರು 17ನೇ ಶತಮಾನದ ಯುರೋಪಿನ ತತ್ವಜ್ಞಾನಿಗಳಾದ ಡೆಕಾರ್ಟ್, ಸ್ಪಿನೋಜಾ ಮತ್ತು ಲೈಬ್ನಿಜ್. ಅವರಿಗೆ ಮಾದರಿಯಾದದ್ದು ಗಣಿತ. ತ್ರಿಕೋನದ ಮೂರು ಕೋನಗಳು ಸೇರಿದರೆ ಎರಡು ಲಂಬಕೋನಗಳಾಗುತ್ತವೆ ಎಂಬುದನ್ನು ತಿಳಿಯಲು ಊರೂರು ಅಲೆದು ತ್ರಿಕೋನಗಳನ್ನು ಅಳೆಯಬೇಕಿಲ್ಲ. ಅದೇ ರೀತಿ, ಪರಿಪೂರ್ಣ ದೇವರೆಂಬ ಕಲ್ಪನೆಯಲ್ಲೇ ಅವನ ಇರುವಿಕೆಯೂ ಅಡಗಿದೆ ಎಂದು ಡೆಕಾರ್ಟ್ 1641ರಲ್ಲಿ ವಾದಿಸಿದ. ಕಾಂಟ್ 1781ರಲ್ಲಿ ಇದನ್ನು ಒಡೆದ. ಮನಸ್ಸಿನಲ್ಲಿ ನೂರು ನಾಣ್ಯಗಳನ್ನು ಎಷ್ಟು ಸ್ಪಷ್ಟವಾಗಿ ಕಲ್ಪಿಸಿಕೊಂಡರೂ ಜೇಬಿಗೆ ಒಂದೂ ಬೀಳದು ಎಂಬುದು ಅವನ ವಾದದ ಸಾರ.

ಕುತೂಹಲದ ಸಂಗತಿಯೆಂದರೆ, ತರ್ಕದಿಂದ ದೇವರನ್ನು ಸಾಧಿಸಲಾಗದು ಎಂಬ ಮಾತು ಇದಕ್ಕೂ ಶತಮಾನಗಳ ಹಿಂದೆಯೇ ಕೇಳಿಬಂದಿತ್ತು. ಅದನ್ನು ಹೇಳಿದವರು ನಾಸ್ತಿಕರಲ್ಲ. 12ನೇ ಶತಮಾನದಲ್ಲಿ ಇಂದಿನ ಮಂಡ್ಯ ಜಿಲ್ಲೆಯ ತೊಣ್ಣೂರು, ಮೇಲುಕೋಟೆಗಳಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು. ತೊಣ್ಣೂರಿನಲ್ಲಿ ಅವರು ಜೈನ ಪಂಡಿತರೊಡನೆ ವಾದ ನಡೆಸಿದರೆಂದು ಸಂಪ್ರದಾಯ ಹೇಳುತ್ತದೆ.

ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಒಬ್ಬ ಕರ್ತೃ ಇರಲೇಬೇಕು ಎಂಬುದು ನೈಯಾಯಿಕರ ವಾದ. ರಾಮಾನುಜರು ಬ್ರಹ್ಮಸೂತ್ರಗಳಿಗೆ ಬರೆದ 'ಶ್ರೀಭಾಷ್ಯ'ದಲ್ಲಿ ಇದನ್ನು ಪರೀಕ್ಷೆಗೆ ಒಡ್ಡುತ್ತಾರೆ. ರಥ, ಅರಮನೆಗಳನ್ನು ಹಲವರು ಸೇರಿ ಕಟ್ಟುತ್ತಾರಲ್ಲವೆ? ಬೆಟ್ಟ, ಕಡಲುಗಳನ್ನೆಲ್ಲ ಒಬ್ಬನೇ, ಒಂದೇ ಕಾಲದಲ್ಲಿ ಮಾಡಿದನೆನ್ನಲು ಆಧಾರವೇನು? ಲೋಕದಲ್ಲಿ ಕಾಣುವ ಕರ್ತೃಗಳಿಗೆಲ್ಲ ದೇಹವಿದೆ, ಶಕ್ತಿಗೆ ಮಿತಿಯಿದೆ. ಅನುಮಾನವನ್ನೇ ನಂಬಿದರೆ ಅಂಥ ಕರ್ತೃವೇ ಸಿಕ್ಕಾನು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್‌ನ, 1779ರಲ್ಲಿ ಪ್ರಕಟವಾದ ಸಂವಾದಗ್ರಂಥದಲ್ಲೂ ಹೆಚ್ಚುಕಡಿಮೆ ಇವೇ ಆಕ್ಷೇಪಗಳಿವೆ.

ಆದರೆ ರಾಮಾನುಜರ ಗುರಿ ಬೇರೆ. ಒಬ್ಬ ತಾರ್ಕಿಕ ಸ್ಥಾಪಿಸಿದ್ದನ್ನು ಅವನಿಗಿಂತ ಚತುರನಾದ ಇನ್ನೊಬ್ಬ ಬೀಳಿಸಬಲ್ಲ. ಆದ್ದರಿಂದ ದೇವರನ್ನು ಅರಿಯಲು ಶಾಸ್ತ್ರವೇ ಪ್ರಮಾಣ, ತರ್ಕ ಅದರ ಸಹಾಯಕ ಮಾತ್ರ ಎಂಬುದು ಅವರ ನಿಲುವು.

ಇದೇ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಇದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಎತ್ತಿಕೊಂಡರು. ಇಂಗ್ಲಿಷ್ ಅಧ್ಯಾಪಕರಾಗಿದ್ದ, ಲಲಿತ ಪ್ರಬಂಧಗಳಿಗೆ ಹೆಸರಾಗಿದ್ದ ಅವರು ತೊಂಬತ್ತರ ಗಡಿ ದಾಟಿದ ಮೇಲೆ, 1991ರಲ್ಲಿ 'ದೇವರು' ಎಂಬ ಗ್ರಂಥ ಪ್ರಕಟಿಸಿದರು. ಶಾಸ್ತ್ರದ ಮಾತನ್ನೂ ವಿಚಾರದ ಒರೆಗೆ ಹಚ್ಚಬೇಕು ಎಂಬುದು ಅವರ ದಾರಿ. ನಿರಪರಾಧಿಗಳು ಪಡುವ ಸಂಕಟವನ್ನು ಕಣ್ಣಾರೆ ಕಂಡೂ, ಕರುಣಾಮಯನೂ ಸರ್ವಶಕ್ತನೂ ಆದ ರಕ್ಷಕನಿದ್ದಾನೆಂದು ನಂಬಲು ಅವರ ಬುದ್ಧಿ ಒಪ್ಪಲಿಲ್ಲ. ನಂಬುವವರನ್ನು ಹಳಿಯದೆ ಬರೆದ ಆ ಪುಸ್ತಕ ಕನ್ನಡದಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. ಮೂರ್ತಿರಾಯರು 2003ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ 'ವಿಚಾರವಾದಿ' ಎಂದರೆ ಸಾಕ್ಷ್ಯ ಕೇಳುವವನು, ಮೂಢನಂಬಿಕೆ ಒಪ್ಪದವನು ಎಂದರ್ಥ. ಪವಾಡಗಳ ತನಿಖೆಗೆ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿದ ಕುಲಪತಿ ಡಾ. ಎಚ್. ನರಸಿಂಹಯ್ಯ ಈ ಅರ್ಥದ ವಿಚಾರವಾದಿ. ಡೆಕಾರ್ಟ್‌ನ ಬುದ್ಧಿವಾದ ಬೇರೆ; ಅದು ಇಂದ್ರಿಯಗಳ ಸಾಕ್ಷ್ಯಕ್ಕಿಂತ ಶುದ್ಧ ಬುದ್ಧಿಯನ್ನೇ ಹೆಚ್ಚು ನಂಬಿತು, ದೇವರನ್ನೂ ಅದರಿಂದಲೇ ಸಾಧಿಸಹೊರಟಿತು.

ರಾಮಾನುಜರು ತರ್ಕ ನಿಲ್ಲುವಲ್ಲಿ ಶಾಸ್ತ್ರವನ್ನು ಹಿಡಿದರು. ಮೂರ್ತಿರಾಯರು ಸಾಕ್ಷ್ಯ ನಿಲ್ಲುವಲ್ಲಿ ತಾವೂ ನಿಂತರು. ತೀರ್ಮಾನಗಳು ಎದುರುಬದುರು. ಆದರೆ ಜಗತ್ತನ್ನು ಕಂಡು ಅದರ ಕರ್ತೃವನ್ನು ಊಹಿಸುವ ವಾದ ದೇವರವರೆಗೆ ಮುಟ್ಟುವುದಿಲ್ಲ ಎಂಬಲ್ಲಿ ಇಬ್ಬರೂ ಹತ್ತಿರ ಬರುತ್ತಾರೆ. ಜಾತಕವಾಗಲಿ, ಪವಾಡವಾಗಲಿ, ಮತ ಕೇಳುವವರ ಆಶ್ವಾಸನೆಯಾಗಲಿ, ಎದುರಿಗೆ ಬಂದಾಗ ಕೇಳಿಕೊಳ್ಳಬೇಕಾದ ಹಳೆಯ ಪ್ರಶ್ನೆ ಒಂದೇ: ಇದು ಕಂಡದ್ದೋ, ಊಹಿಸಿದ್ದೋ, ಯಾರೋ ಹೇಳಿದ್ದೋ?